ಗಿಟಾರಿನ ಟೋನ್ ಮಂಕಾಗಿದೆ: ಪಿಕಪ್ ಬದಲಿಸಬೇಕೇ, ಬೇರೇನನ್ನಾದರೂ ಬದಲಿಸಬೇಕೇ?

ಆರನೇ ತಂತಿ

ಎರಡು ಹಂಬಕರ್ (ಎರಡು ಸುರುಳಿಯ ಪಿಕಪ್; ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಒಂದು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನದ ಸ್ವಿಚ್ ಇರುವ ಎಲೆಕ್ಟ್ರಿಕ್ ಗಿಟಾರ್ ನನ್ನದು. ಡಿಸ್ಟಾರ್ಷನ್ (ದನಿಯನ್ನು ಬೇಕೆಂದೇ ಒರಟಾಗಿಸುವುದು) ಹಾಕಿದಾಗ ದೂರಿಲ್ಲ. ಅದಿಲ್ಲದೆ ಕ್ಲೀನ್ ಆಗಿ ನುಡಿಸಿದರೆ ಮಾತ್ರ ಗಡಿಗೆಯೊಳಗೆ ಬಾಯಿಟ್ಟು ಮಾತನಾಡಿದ ಹಾಗೆ ಕೇಳಿಸುತ್ತದೆ. ವಾಲ್ಯೂಮನ್ನು ಏಳಕ್ಕೆ ಇಳಿಸಿದರೆ ಉಳಿದಿದ್ದ ಚೂರುಪಾರು ಟ್ರೆಬಲ್ (ತಾರ ದನಿ) ಕೂಡ ಮಾಯ. ಆಂಪಿನಲ್ಲಿ ಟ್ರೆಬಲ್ ಏರಿಸಿದರೆ ಕರ್ಕಶತೆ ಬರುತ್ತದೆಯೇ ಹೊರತು ಸ್ಪಷ್ಟತೆ ಬರುವುದಿಲ್ಲ. ತಂತಿಗಳು ಹೊಸವು, 10–46, ನಿಕಲ್ ಲೇಪಿತ ಉಕ್ಕು.

ಹೊಸ ಪಿಕಪ್, ಹಿತ್ತಾಳೆಯ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ), ಒಳ್ಳೆಯ ದರ್ಜೆಯ ಟೋನ್ ಕೆಪಾಸಿಟರ್, ಈ ಮೂರನ್ನೂ ಹಾಕಿಸಬೇಕೆಂದಿದ್ದೇನೆ. ಯಾವುದರಿಂದ ಆರಂಭಿಸಲಿ?

ಬೆಸುಗೆಯ ಹೊಗೆ

ಮೂರರಲ್ಲಿ ಎರಡನ್ನು ಈಗಲೇ ಪಟ್ಟಿಯಿಂದ ಹೊಡೆದುಹಾಕಿ. ನಟ್‌ನ ಪ್ರಭಾವ ಇರುವುದು ತಂತಿಯನ್ನು ಒತ್ತದೆ ಮೀಟಿದಾಗ ಮಾತ್ರ. ಬೆರಳು ಫ್ರೆಟ್ಟಿಗೆ ಒತ್ತಿದ ಕ್ಷಣ ಅದರ ಕೆಲಸ ಮುಗಿಯಿತು. ಇನ್ನು ಕೆಪಾಸಿಟರ್. ಟೋನ್ ಗುಂಡಿ ಹತ್ತರಲ್ಲಿರುವಾಗ ಅದರೊಂದಿಗೆ ಇಡೀ ಪಾಟಿನ (ಗುಂಡಿಯ ಕೆಳಗಿರುವ, ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ಪ್ರತಿರೋಧ ಸರಣಿಯಲ್ಲಿ ಇರುತ್ತದೆ. ಹಾಗಾಗಿ 0.022 ಮೈಕ್ರೊಫ್ಯಾರಡ್ ಇರಲಿ, 0.047 ಇರಲಿ, ಎಣ್ಣೆ ಕಾಗದದ್ದಿರಲಿ, ಸೆರಾಮಿಕ್ ಇರಲಿ, ಆ ಸ್ಥಾನದಲ್ಲಿ ಕಿವಿಗೆ ವ್ಯತ್ಯಾಸ ತಿಳಿಯದು. ಜೇಬಿಗೆ ತಿಳಿದೀತು.

ಪಿಕಪ್ ವಿಷಯ ನಿರ್ಧರಿಸುವ ಮೊದಲು ಮೂರು ಸಂಗತಿ ಬೇಕು. ಗಿಟಾರಿನ ಹಿಂಬದಿಯ ಮುಚ್ಚಳ ತೆಗೆದು ಪಾಟ್‌ಗಳ ಮೇಲೆ ಏನು ಅಚ್ಚಾಗಿದೆ ಎಂದು ನೋಡಿ. ಗಿಟಾರಿನಿಂದ ಆಂಪಿನವರೆಗೆ ಒಟ್ಟು ಎಷ್ಟು ಮೀಟರ್ ಕೇಬಲ್ ಇದೆ, ನಡುವೆ ಯಾವ ಪೆಡಲ್‌ಗಳಿವೆ (ಕಾಲಲ್ಲಿ ಒತ್ತಿ ದನಿ ಬದಲಿಸುವ ಪೆಟ್ಟಿಗೆಗಳು) ಎಂದು ತಿಳಿಸಿ. ಕೊನೆಗೆ ಗಿಟಾರಿಗೆ ಕೇಬಲ್ ಚುಚ್ಚಿ, ಎರಡೂ ಗುಂಡಿಗಳನ್ನು ಹತ್ತಕ್ಕೆ ತಿರುಗಿಸಿ, ಇನ್ನೊಂದು ಕೊನೆಯ ಪ್ಲಗ್‌ನ ತುದಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿದು ಎರಡೂ ಪಿಕಪ್‌ಗಳ ಓಮ್ ಓದಿ.

ಆರನೇ ತಂತಿ

ಎರಡೂ ಪಾಟ್‌ಗಳ ಮೇಲೆ ಬಿ250ಕೆ (250 ಕಿಲೋಓಮ್) ಎಂದಿದೆ. ಕತ್ತಿನ ಬಳಿಯ ನೆಕ್ ಪಿಕಪ್ 7.8 ಕಿಲೋಓಮ್, ಇನ್ನೊಂದು ತುದಿಯ ಬ್ರಿಡ್ಜ್ ಪಿಕಪ್ 14.9. ಗಿಟಾರಿನಿಂದ ಪೆಡಲ್ ಹಲಗೆಗೆ 6 ಮೀಟರ್, ಅಲ್ಲಿಂದ ಆಂಪಿಗೆ ಮತ್ತೆ 6 ಮೀಟರ್. ಪೆಡಲ್‌ಗಳೆಲ್ಲ ಟ್ರೂ ಬೈಪಾಸ್ (ಆರಿರುವಾಗ ಸಂಕೇತವನ್ನು ನೇರವಾಗಿ ದಾಟಿಸುವಂಥವು). ಅದು ಒಳ್ಳೆಯದೇ ತಾನೆ?

ಬೆಸುಗೆಯ ಹೊಗೆ

ನಿಮ್ಮ ಸಂದರ್ಭದಲ್ಲಿ ಅಲ್ಲ. ಪೆಡಲ್‌ಗಳೆಲ್ಲ ಆರಿರುವಾಗ ಪಿಕಪ್ ಪೂರ್ತಿ 12 ಮೀಟರ್ ಕೇಬಲನ್ನು ಒಂದೇ ಆಗಿ ಹೊರಬೇಕಾಗುತ್ತದೆ. ಸಾಮಾನ್ಯ ಗಿಟಾರ್ ಕೇಬಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆ (ಕೆಪಾಸಿಟೆನ್ಸ್) ಇರುತ್ತದೆ. ಅಂದರೆ ನಿಮ್ಮದು 1200ರ ಆಸುಪಾಸು.

ಇದು ಏಕೆ ಮುಖ್ಯವೆಂದರೆ, ಪಿಕಪ್ ಎಂದರೆ ಸಾವಿರಾರು ಸುತ್ತಿನ ಸುರುಳಿ. ಆ ಸುರುಳಿಯ ಪ್ರೇರಕತೆಯೂ (ಇಂಡಕ್ಟೆನ್ಸ್) ಕೇಬಲಿನ ಧಾರಕತೆಯೂ ಸೇರಿ ಒಂದು ಆವರ್ತನದಲ್ಲಿ ಅನುರಣಿಸುತ್ತವೆ. ಅಲ್ಲಿ ದನಿ ಎದ್ದು ನಿಲ್ಲುತ್ತದೆ, ಅದರಾಚೆಗೆ ಕಡಿದಾಗಿ ಇಳಿಯುತ್ತದೆ. ನಾವು ಹೊಳಪು ಎನ್ನುವುದು ಬಹುಮಟ್ಟಿಗೆ ಈ ಶಿಖರ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬುದನ್ನೇ. ನಿಮ್ಮ ಬ್ರಿಡ್ಜ್ ಪಿಕಪ್ಪಿನ ಪ್ರೇರಕತೆ 8 ಹೆನ್ರಿ ಎಂದಿಟ್ಟುಕೊಳ್ಳಿ, ಅಷ್ಟು ಸುತ್ತಿರುವ ಹಂಬಕರಿಗೆ ಅದು ಅತಿಶಯವೇನಲ್ಲ. 12 ಮೀಟರ್ ಕೇಬಲಿನೊಂದಿಗೆ ಶಿಖರ ಸುಮಾರು 1.5 ಕಿಲೋಹರ್ಟ್ಸ್‌ಗೆ ಕುಸಿಯುತ್ತದೆ. 3 ಮೀಟರ್ ಕೇಬಲಾದರೆ 2.8ರ ಹತ್ತಿರ.

ಕೇಬಲ್ ಶಿಖರದ ಜಾಗವನ್ನು ಬದಲಿಸಿದರೆ, ಪಾಟ್‌ಗಳು ಅದರ ಎತ್ತರವನ್ನು ತಗ್ಗಿಸುತ್ತವೆ. ಹಂಬಕರಿಗೆ 500ಕೆ, ಸಿಂಗಲ್ ಕಾಯಿಲಿಗೆ (ಒಂದೇ ಸುರುಳಿಯ ಪಿಕಪ್) 250ಕೆ ಎಂಬುದು ವಾಡಿಕೆ. ನಿಮ್ಮಲ್ಲಿ ಎರಡು 250ಕೆ ಸಮಾಂತರವಾಗಿ ನಿಂತು 125ಕೆ ಆಗಿವೆ. ಆಂಪಿನ 1 ಮೆಗಾಓಮ್ ಸೇರಿದರೆ 111ಕೆ. 500ಕೆ ಹಾಕಿದರೆ ಇದು 200ಕೆ ಆಗುತ್ತದೆ.

ಏನನ್ನೂ ಕೊಳ್ಳದೆ ಪರೀಕ್ಷಿಸಬಹುದು. ಪೆಡಲ್‌ಗಳನ್ನು ಬಿಟ್ಟು ಸಿಕ್ಕಷ್ಟು ಚಿಕ್ಕ ಕೇಬಲಿನಲ್ಲಿ ನೇರವಾಗಿ ಆಂಪಿಗೆ ಜೋಡಿಸಿ ನುಡಿಸಿ. ಆಮೇಲೆ ಟೋನ್ ಪಾಟಿಗೆ ಹೋಗುವ ಒಂದು ತಂತಿಯ ಬೆಸುಗೆ ಬಿಡಿಸಿ ಮತ್ತೆ ನುಡಿಸಿ.

ಮೂರು ಮಿಲಿಮೀಟರ್

ಲೆಕ್ಕವೆಲ್ಲ ಸರಿ, ಆದರೆ ಸ್ಕ್ರೂಡ್ರೈವರ್ ಹಿಡಿಯದೆ ಬೆಸುಗೆ ಕಡ್ಡಿ ಹಿಡಿಯುವ ಅವಸರ ನನಗೆ ಅರ್ಥವಾಗುವುದಿಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್ಪಿನ ತಿರುಪಿನ ತಲೆಗೆ ಅಳೆಯಿರಿ. ನೆಕ್ ಪಿಕಪ್ 2.5 ಮಿ.ಮೀ., ಬ್ರಿಡ್ಜ್ ಪಿಕಪ್ 2 ಮಿ.ಮೀ. ಇರುವಂತೆ ಇಟ್ಟು ಕೇಳಿ. ನೆಕ್ ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ದಪ್ಪ ತಂತಿಗಳೇ ಎಲ್ಲವನ್ನೂ ನುಂಗುತ್ತವೆ.

ಇನ್ನೊಂದು ಮಾತು. ಆಂಪ್ ನೆಲದ ಮೇಲಿದೆಯೇ? ಸ್ಪೀಕರ್ ಟ್ರೆಬಲನ್ನು ತನ್ನ ನೇರಕ್ಕೆ ಮಾತ್ರ ಕಿರಿದಾಗಿ ಎಸೆಯುತ್ತದೆ. ನಿಂತು ನುಡಿಸುವವರ ಮೊಣಕಾಲಿಗೆ ಕೇಳುವ ಟೋನ್ ಅವರ ಕಿವಿಗೆ ಕೇಳುವುದಿಲ್ಲ. ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ.

ಆರನೇ ತಂತಿ

ಎಲ್ಲವನ್ನೂ ಮಾಡಿದೆ. ಚಿಕ್ಕ ಕೇಬಲಿನಿಂದಲೇ ದೊಡ್ಡ ವ್ಯತ್ಯಾಸ. ಟೋನ್ ಪಾಟ್ ಬಿಡಿಸಿದಾಗ ಇನ್ನಷ್ಟು. ಪಿಕಪ್ ತಗ್ಗಿಸಿದ ಮೇಲೆ ನೆಕ್ ಸ್ಥಾನದಲ್ಲಿ ಸ್ವರಮೇಳ ನುಡಿಸಿದರೆ ಪ್ರತಿ ತಂತಿಯೂ ಬಿಡಿಬಿಡಿಯಾಗಿ ಕೇಳುತ್ತಿದೆ. ಪಾಟ್ ಬದಲಿಸುವುದು ಖಚಿತ. ಆದರೆ ಬ್ರಿಡ್ಜ್ ಪಿಕಪ್ ಕ್ಲೀನ್ ನುಡಿಸುವಾಗ ಈಗಲೂ ದಪ್ಪವಾಗಿಯೇ ಇದೆ. ಅದರಿಂದ ನಾಲ್ಕು ಬಣ್ಣದ ತಂತಿಗಳೂ ಒಂದು ಬರಿಯ ತಂತಿಯೂ ಹೊರಬಂದಿವೆ.

ಬೆಸುಗೆಯ ಹೊಗೆ

ನಾಲ್ಕು ತಂತಿ ಇದೆಯೆಂದರೆ ಹೊಸ ಪಿಕಪ್ಪಿನ ಮಾತು ಸದ್ಯಕ್ಕೆ ಬೇಡ. ಹಂಬಕರಿನ ಎರಡು ಸುರುಳಿಗಳು ಈಗ ಸರಣಿಯಲ್ಲಿವೆ. ಅವನ್ನು ಸಮಾಂತರವಾಗಿ ಜೋಡಿಸಿದರೆ ಪ್ರೇರಕತೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ: 8 ಹೆನ್ರಿ ಇದ್ದದ್ದು 2. ಚಿಕ್ಕ ಕೇಬಲಿನೊಂದಿಗೆ ಶಿಖರ 5 ಕಿಲೋಹರ್ಟ್ಸ್ ದಾಟುತ್ತದೆ. ಹಲವರು ಒಂದು ಸುರುಳಿಯನ್ನೇ ಕತ್ತರಿಸುತ್ತಾರೆ. ಆಗ ಗುಂಯ್‌ಗುಡುವ ಹಮ್ ಮರಳಿ ಬರುತ್ತದೆ. ಸಮಾಂತರದಲ್ಲಿ ಆ ಕಾಟವಿಲ್ಲ, ದನಿಯ ಬಲ ಮಾತ್ರ ತಗ್ಗುತ್ತದೆ. ಕ್ಲೀನ್ ನುಡಿಸುವವರಿಗೆ ನಾನು ಇದನ್ನೇ ಹೇಳುವುದು.

ಟೋನ್ ಪಾಟಿನ ಜಾಗಕ್ಕೆ ಎಳೆದು ಒತ್ತುವ ಪುಶ್-ಪುಲ್ 500ಕೆ ಪಾಟ್ ಹಾಕಿ, ಅದರ ಸ್ವಿಚ್ಚಿಗೆ ಈ ಜೋಡಣೆ ಕೊಡಿ. ಅದು ಉದ್ದ ಜಾಸ್ತಿ, ಕುಳಿಯ ಆಳ ಅಳೆದುಕೊಳ್ಳಿ. ತಂತಿಗಳ ಬಣ್ಣವನ್ನು ನಂಬಬೇಡಿ, ಒಬ್ಬೊಬ್ಬ ತಯಾರಕರದು ಒಂದೊಂದು ಕ್ರಮ. ಯಾವ ಎರಡು ಒಂದೇ ಸುರುಳಿಯವು ಎಂದು ಮಲ್ಟಿಮೀಟರಿನಲ್ಲಿ ನೋಡಿ. ಸಮಾಂತರದಲ್ಲಿ ದನಿ ತೀರ ತೆಳ್ಳಗಾಗಿ ಬಾಸ್ ಕಾಣೆಯಾದರೆ ಒಂದು ಸುರುಳಿಯ ತುದಿಗಳು ಅದಲುಬದಲಾಗಿವೆ ಎಂದರ್ಥ.

ಕೊಳ್ಳುವಾಗ ವಾಲ್ಯೂಮಿಗೆ ಎ500ಕೆ ತನ್ನಿ. ನಿಮ್ಮಲ್ಲಿರುವ ಬಿ ಸಾಮಾನ್ಯವಾಗಿ ಲೀನಿಯರ್ (ತಿರುಗಿಸಿದಷ್ಟೇ ಸಮನಾಗಿ ಬದಲಾಗುವುದು), ಎ ಲಾಗ್ (ಕಿವಿಗೆ ಸಮನಾಗಿ ಕೇಳುವಂತೆ ಬದಲಾಗುವುದು). ಸಣ್ಣ ಪಾಟ್‌ಗಳ ಕತ್ತು ಸುಮಾರು 7 ಮಿ.ಮೀ., ದೊಡ್ಡವುಗಳದು ಸುಮಾರು 9.5, ತೂತು ನೋಡಿಕೊಳ್ಳದೆ ತಂದರೆ ಮರ ಕೊರೆಯಬೇಕಾಗುತ್ತದೆ. ಶೇಕಡಾ 20ರಷ್ಟು ಏರುಪೇರು ಸಾಮಾನ್ಯವಾದ್ದರಿಂದ ಬೆಸುಗೆಗೆ ಮೊದಲೇ ಅಳೆಯಿರಿ.

ಆರನೇ ತಂತಿ

500ಕೆ ಇಷ್ಟು ಒಳ್ಳೆಯದಾದರೆ 1 ಮೆಗಾ ಏಕೆ ಬೇಡ? ವಾಲ್ಯೂಮ್ ಇಳಿಸಿದಾಗಿನ ಮಂಕುತನ ಇದರಿಂದಲೇ ಹೋಗುತ್ತದೆಯೇ?

ಬೆಸುಗೆಯ ಹೊಗೆ

ಹೋಗುವುದಿಲ್ಲ, ಹೆಚ್ಚಾಗುತ್ತದೆ. ಪಾಟ್ ದೊಡ್ಡದಾದಷ್ಟೂ, ಗುಂಡಿ ನಡುವೆ ಇರುವಾಗ ಕೇಬಲಿಗೆ ಮುಂಚೆ ನಿಲ್ಲುವ ಪ್ರತಿರೋಧವೂ ದೊಡ್ಡದಾಗುತ್ತದೆ. ಅದೂ ಕೇಬಲಿನ ಧಾರಕತೆಯೂ ಸೇರಿ ಟ್ರೆಬಲನ್ನು ತಿನ್ನುತ್ತವೆ. 1 ಮೆಗಾ ಹೊಸದೇನಲ್ಲ, 1958ರಲ್ಲಿ ಬಂದ ಫೆಂಡರ್ ಜ್ಯಾಝ್‌ಮಾಸ್ಟರಿನಲ್ಲೇ ಇತ್ತು, ಆದರೆ ಅದರಲ್ಲಿರುವುದು ಸಿಂಗಲ್ ಕಾಯಿಲ್. ವಾಲ್ಯೂಮ್ ಪಾಟಿನ ಪಿಕಪ್ ಬರುವ ಕಾಲಿಗೂ ನಡುವಿನ ಕಾಲಿಗೂ 150ಕೆ ರೆಸಿಸ್ಟರ್ ಹಾಗೂ 1 ನ್ಯಾನೊಫ್ಯಾರಡ್ ಕೆಪಾಸಿಟರನ್ನು ಸಮಾಂತರವಾಗಿ ಬೆಸೆಯಿರಿ. ಟ್ರೆಬಲ್ ಬ್ಲೀಡ್ ಎನ್ನುವುದು ಇದನ್ನೇ. ವಾಲ್ಯೂಮ್ ಇಳಿಸಿದಾಗ ದನಿ ತೀರ ಚೂಪಾದರೆ ಕೆಪಾಸಿಟರನ್ನು 680 ಪಿಕೋಫ್ಯಾರಡಿಗೆ ಇಳಿಸಿ.

ಉದ್ದದ ಕೇಬಲ್ ಅನಿವಾರ್ಯವಾದರೆ ಪೆಡಲ್ ಸಾಲಿನ ಆರಂಭದಲ್ಲಿ ಒಂದು ಬಫರ್ (ಕೇಬಲಿನ ಹೊರೆ ಪಿಕಪ್ಪಿನ ಮೇಲೆ ಬೀಳದಂತೆ ತಡೆಯುವ ಸರ್ಕೀಟು) ಇಡಿ. ಹಳೆಯ ಮಾದರಿಯ ಫಝ್ ಪೆಡಲ್ ಇದ್ದರೆ ಅದನ್ನು ಬಫರಿಗಿಂತ ಮೊದಲು ಇಡಬೇಕು.

ಕಂಪ್ಯೂಟರ್ ಮುಂದೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದೂ ಇದೇ ಗೋಳು, ಆದರೆ ಆಂಪಿಲ್ಲ, ಆಡಿಯೋ ಇಂಟರ್‌ಫೇಸಿಗೆ (ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ನೇರ ಜೋಡಣೆ. ಕೇಬಲ್ 3 ಮೀಟರ್, ಪಾಟ್ 500ಕೆ.

ಬೆಸುಗೆಯ ಹೊಗೆ

ಹಾಗಾದರೆ ಗಿಟಾರನ್ನು ಬಿಚ್ಚಬೇಡಿ. ಇಂಟರ್‌ಫೇಸಿನಲ್ಲಿ ಇನ್ಸ್ಟ್ರುಮೆಂಟ್ ಅಥವಾ ಹೈ-ಝಡ್ ಎಂಬ ಗುಂಡಿ ಇದೆಯೇ ನೋಡಿ, ಒತ್ತಿ. ಲೈನ್ ಒಳದಾರಿಯ ಪ್ರತಿರೋಧ ಹಲವು ಉಪಕರಣಗಳಲ್ಲಿ ಹತ್ತಾರು ಕಿಲೋಓಮ್ ಮಾತ್ರ ಇರುತ್ತದೆ. ಅದರ ಮುಂದೆ ಯಾವ ಪಿಕಪ್ಪೂ ಮಂಕೇ.

ಆರನೇ ತಂತಿ

ಪಾಟ್, ಸಮಾಂತರ ಜೋಡಣೆ, ಟ್ರೆಬಲ್ ಬ್ಲೀಡ್ ಮೂರೂ ಆಯಿತು. ಬ್ರಿಡ್ಜ್ ಪಿಕಪ್ ಕ್ಲೀನ್ ಆಗಿ ಈಗ ಟಣ್ ಎನ್ನುತ್ತದೆ. ಡಿಸ್ಟಾರ್ಷನ್‌ಗೆ ಗುಂಡಿ ಒತ್ತಿ ಸರಣಿಗೆ ಮರಳಿದರೆ ಮೊದಲಿಗಿಂತ ತುಸು ಒರಟು, ಟೋನ್ ಎಂಟಕ್ಕೆ ಇಳಿಸಿದರೆ ಸರಿಹೋಗುತ್ತದೆ. ಪಿಕಪ್ ಹಳೆಯದೇ ಇದೆ.