ಡೆಲ್ಫಿಗೆ ಹಿರಿಯರನ್ನು ಕರೆದೊಯ್ಯುವುದು: ಒಂದು ಹಗಲು ಸಾಕೇ, ಎರಡು ರಾತ್ರಿ ತಂಗಬೇಕೇ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಎರಡು ವರ್ಷಗಳಿಂದ ಗ್ರೀಸ್ ದೇಶದ ಅಥೆನ್ಸಿನಲ್ಲಿ ಉದ್ಯೋಗದಲ್ಲಿದ್ದಾನೆ. ಈ ಬಾರಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಮುಗಿದ ಮೇಲೆ, ಅಂದರೆ ಏಪ್ರಿಲ್ ತಿಂಗಳ ಕೊನೆಯ ಹೊತ್ತಿಗೆ, ಅಪ್ಪಯ್ಯ ಮತ್ತು ಅಮ್ಮನನ್ನು ಕರೆದುಕೊಂಡು ಹತ್ತು ದಿನಗಳ ಮಟ್ಟಿಗೆ ಅಲ್ಲಿಗೆ ಹೋಗಿಬರಬೇಕೆಂದಿದ್ದೇನೆ. ಮಳೆ ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಕೊಳೆರೋಗ ತಡೆಯುವ ತಾಮ್ರದ ಬೋರ್ಡೋ ದ್ರಾವಣ ಹೊಡೆಸಬೇಕಾದ್ದರಿಂದ ಮೇ ಎರಡನೆಯ ವಾರದೊಳಗೆ ಊರಿಗೆ ಮರಳಲೇಬೇಕು.

ಅಪ್ಪಯ್ಯನಿಗೆ ಈಗ 72 ವರ್ಷ. ಐವತ್ತು ವರ್ಷ ತೋಟ ಮಾಡಿದವರು. ಆದರೆ ಬಿಡುವು ಸಿಕ್ಕಾಗಲೆಲ್ಲ ನಗರ ಎಂಬ ಊರಿನ ಕೋಟೆಗೋ ಇಕ್ಕೇರಿಗೋ ಕವಲೇದುರ್ಗಕ್ಕೋ ಹೋಗಿ ಒಂದು ಕಲ್ಲಿನ ಮೇಲೆ ಗಂಟೆಗಟ್ಟಲೆ ಸುಮ್ಮನೆ ಕುಳಿತು ಬರುವ ಅಭ್ಯಾಸ ಅವರದು. ಅಥೆನ್ಸಿನಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿ ಬೆಟ್ಟದ ಮೇಲೆ ಡೆಲ್ಫಿ ಎಂಬ ಪುಟ್ಟ ಊರಿದೆ, ಅದರ ಮೇಲ್ಭಾಗದಲ್ಲಿ ಕಾಡು, ಕೆಳಗಿನ ಕಣಿವೆಯಲ್ಲಿ ಆಲಿವ್ ತೋಟ, ನಡುವೆ ಪ್ರಾಚೀನ ದೇವಾಲಯದ ಅವಶೇಷಗಳಿವೆ ಎಂದು ತಮ್ಮ ಹೇಳಿದಂದಿನಿಂದ ಅವರ ಮನಸ್ಸು ಅಲ್ಲಿಯೇ ನೆಟ್ಟಿದೆ. ಬೆಳಿಗ್ಗೆ ಹೋಗಿ ಸಂಜೆ ಅಥೆನ್ಸಿಗೆ ಮರಳಿದರೆ ಸಾಕೆಂಬುದು ತಮ್ಮನ ಅಭಿಪ್ರಾಯ. ಅಮ್ಮನಿಗೆ ಮೊಣಕಾಲು ನೋವಿರುವುದರಿಂದ ಅವಸರದ ಓಡಾಟ ಆಗದು. ಅಲ್ಲಿಗೆ ಹೋಗಿಬಂದವರು ಇದ್ದರೆ, ಎಷ್ಟು ದಿನ ಉಳಿಯಬೇಕು, ಹತ್ತುವುದು ಎಷ್ಟಿದೆ, ಆಲಿವ್ ತೋಟದೊಳಗೆ ನಡೆದು ನೋಡಲು ಅವಕಾಶವಿದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ನಾವು ಸಸ್ಯಾಹಾರಿಗಳು.

ಬಿದನೂರಿನವ, ಹೊಸನಗರ

ತುಂಗಾತೀರದವರೇ, ನಾನು ನಿವೃತ್ತ ಇತಿಹಾಸ ಅಧ್ಯಾಪಕ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಮೊದಲ ವಾರದಲ್ಲಿ ನಾನೂ ನನ್ನ ಪತ್ನಿಯೂ ಡೆಲ್ಫಿಗೆ ಹೋಗಿದ್ದೆವು. ನಿಮ್ಮ ಅಪ್ಪಯ್ಯನವರಂಥವರನ್ನು ಒಂದು ಹಗಲಿನ ಮಟ್ಟಿಗೆ ಅಲ್ಲಿಗೆ ಕರೆದೊಯ್ಯುವುದು ಅವರಿಗೆ ಮಾಡುವ ಅನ್ಯಾಯವಾದೀತು. ಬಸ್ಸಿನಲ್ಲಿ ಹೋಗಲು ಸುಮಾರು ಮೂರು ಗಂಟೆ, ಬರಲು ಮೂರು ಗಂಟೆ ಹಿಡಿಯುತ್ತದೆ. ಉಳಿದ ನಾಲ್ಕೈದು ಗಂಟೆಗಳಲ್ಲಿ ಅವಶೇಷಗಳನ್ನೂ ವಸ್ತುಸಂಗ್ರಹಾಲಯವನ್ನೂ ನೋಡಬೇಕು, ಅದೂ ಪ್ರವಾಸಿ ಬಸ್ಸುಗಳೆಲ್ಲ ಒಟ್ಟಿಗೆ ಬಂದು ನಿಂತಿರುವ ನಡುಹಗಲಿನಲ್ಲಿ. ಎರಡು ರಾತ್ರಿ ಉಳಿಯಿರಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗಿದ್ದರೆ ಮೊದಲ ಒಂದೂವರೆ ಗಂಟೆ ಆ ಬೆಟ್ಟದಲ್ಲಿ ಹಕ್ಕಿಗಳ ಸದ್ದಷ್ಟೇ ಕೇಳುತ್ತದೆ.

ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ನಮ್ಮ ಶಿವಮೊಗ್ಗದಷ್ಟೇ ಎತ್ತರದಲ್ಲಿದೆ. ಆದರೆ ಅದು ಪರ್ನಾಸಸ್ ಪರ್ವತದ ಕಡಿದಾದ ಮಗ್ಗುಲಿಗೆ ಅಂಟಿಕೊಂಡಿರುವುದರಿಂದ, ಮನೆಗಳ ಹಿಂದೆ ಬಂಡೆಯ ಗೋಡೆ ಎದ್ದು ನಿಂತಿದ್ದರೆ ಮುಂದೆ ಪ್ಲೀಸ್ಟೋಸ್ ಕಣಿವೆ ಇಳಿದು, ಆಚೆ ಕೊರಿಂಥ್ ಕೊಲ್ಲಿಯ ನೀರು ಹೊಳೆಯುತ್ತದೆ. ಪರ್ನಾಸಸ್ಸಿನ ಶಿಖರ 2457 ಮೀಟರ್. ಅದರ ಮೇಲಿನ ಫರ್ ಮರಗಳ ಕಾಡನ್ನು 1938ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದಾರೆ. ಆಗುಂಬೆಯ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಶೆಯಾಗಬಹುದು; ಅದು ಒಣ ಸುಣ್ಣಕಲ್ಲಿನ ನೆಲದ ಕಾಡು, ಜಿಗಣೆಯೂ ಇಲ್ಲ, ಬಳ್ಳಿಗಳ ಹೆಣಿಗೆಯೂ ಇಲ್ಲ. ಆದರೆ ವಸಂತದಲ್ಲಿ ಕಲ್ಲುಗಳ ಸಂದಿನಿಂದ ಕೆಂಪು, ಹಳದಿ, ನೇರಳೆ ಹೂಗಳು ಹೊಮ್ಮಿರುವುದನ್ನು ನೋಡಿದ ಮೇಲೆ ನನಗೆ ಯಾವ ಕೊರತೆಯೂ ಕಾಣಲಿಲ್ಲ.

ಹತ್ತುವ ವಿಷಯ. ದಾರಿ ತಿರುವು ತಿರುವಾಗಿ ಮೇಲೇರುತ್ತದೆ. ಮೊದಲು ಗ್ರೀಕ್ ನಗರರಾಜ್ಯಗಳು ಕಾಣಿಕೆಗಳನ್ನಿಡಲು ಕಟ್ಟಿಸಿದ ಸಣ್ಣ ಭಂಡಾರಗೃಹಗಳು, ಅನಂತರ ಅಪೊಲೊ ದೇವಾಲಯ, ಅದರ ಮೇಲೆ ಸುಮಾರು ಐದು ಸಾವಿರ ಜನ ಕೂರಬಹುದಾಗಿದ್ದ ಬಯಲು ರಂಗಮಂದಿರ, ಎಲ್ಲಕ್ಕಿಂತ ಮೇಲೆ ಓಟದ ಕ್ರೀಡಾಂಗಣ. ದೇವಾಲಯದವರೆಗೆ ನಿಮ್ಮ ತಾಯಿಯವರು ನಿಧಾನವಾಗಿ ಏರಬಹುದೆಂದು ನನ್ನ ಅಂದಾಜು. ಕ್ರೀಡಾಂಗಣವನ್ನು ಅವರು ಬಿಟ್ಟರೂ ನಷ್ಟವಿಲ್ಲ. ಈಗ ಕಾಣುವ ದೇವಾಲಯದ ತಳಪಾಯ ಕ್ರಿ.ಪೂ. 4ನೆಯ ಶತಮಾನದ್ದು, ಅದಕ್ಕೂ ಹಿಂದಿನ ದೇವಾಲಯ ಕ್ರಿ.ಪೂ. 373ರಲ್ಲಿ ನಾಶವಾಗಿತ್ತು. ಪೈಥಿಯಾ ಎಂಬ ಪೂಜಾರಿಣಿ ಅಪೊಲೊನ ವಾಣಿಯನ್ನು ನುಡಿಯುತ್ತಿದ್ದದ್ದು ಇಲ್ಲಿಯೇ. ಯುದ್ಧ ಹೂಡಬೇಕೋ, ಹೊಸ ನೆಲೆ ಕಟ್ಟಲು ಎತ್ತ ಹೋಗಬೇಕೋ ಎಂದು ಕೇಳಲು ರಾಜ್ಯಗಳೇ ದೂತರನ್ನು ಕಳಿಸುತ್ತಿದ್ದವು. ಊರಿನ ಕಷ್ಟಕ್ಕೆ ದೇವರ ಮುಂದೆ ನಿಂತು ನುಡಿ ಕೇಳುವ ಪದ್ಧತಿಯನ್ನು ಕಂಡು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾದ್ದೇನಿಲ್ಲ.

ನೀವು ತಪ್ಪಿಸಲೇಬಾರದ ಒಂದು ಸ್ಥಳವಿದೆ. ದೇವಾಲಯದ ಜಗಲಿಯ ಕೆಳಗೆ, ಬಾಗಿದ ಅಂಚುಗಳ ಕಲ್ಲುಗಳನ್ನು ಎಲ್ಲಿಯೂ ಸಂದಿಲ್ಲದಂತೆ ಒಂದಕ್ಕೊಂದು ಹೊಂದಿಸಿ ಕಟ್ಟಿದ ಉದ್ದನೆಯ ಗೋಡೆ. ಜನ ಅದರ ಮುಂದೆ ನಿಲ್ಲದೆ ಸಾಗಿಹೋಗುತ್ತಾರೆ. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೈತುಂಬ ಸಣ್ಣ ಅಕ್ಷರಗಳು: ದಾಸರನ್ನು ಬಿಡುಗಡೆ ಮಾಡಿದ ನೂರಾರು ಶಾಸನಗಳು. ದಾಸನನ್ನು ಅಪೊಲೊ ದೇವರಿಗೆ ಮಾರಿದಂತೆ ಬರೆದು, ಆ ಮೂಲಕ ಅವನಿಗೆ ಸ್ವಾತಂತ್ರ್ಯ ನೀಡಿ, ಸಾಕ್ಷಿಗಳ ಹೆಸರನ್ನೂ ಕೆತ್ತಿಸುತ್ತಿದ್ದರು. ಬಳ್ಳಿಗಾವೆಯಲ್ಲಿ, ತಾಳಗುಂದದಲ್ಲಿ ಶಾಸನಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ಪಾಠ ಹೇಳಿದವನು ನಾನು. ದಾನ, ಗೆಲುವು, ವೀರಮರಣಗಳನ್ನು ಕಲ್ಲಿನಲ್ಲಿ ಓದಿ ಅಭ್ಯಾಸವಾಗಿದ್ದ ನನಗೆ, ಯಾರೋ ಸಾಮಾನ್ಯ ಹೆಣ್ಣುಮಗಳೋ ಕುಶಲಕರ್ಮಿಯೋ ಇಂದಿನಿಂದ ಸ್ವತಂತ್ರರೆಂಬುದನ್ನು ಕಾಪಾಡಲೆಂದೇ ಗೋಡೆಯ ತುಂಬ ಇಷ್ಟೊಂದು ಅಕ್ಷರ ಕೆತ್ತಿದ್ದಾರೆಂದು ತಿಳಿದಾಗ ಕಣ್ಣು ತುಂಬಿಬಂತು. ನಿಮ್ಮ ಅಪ್ಪಯ್ಯನವರನ್ನು ಆ ಗೋಡೆಯ ಎದುರಿಗೆ ಕೂರಿಸಿ.

ವಸ್ತುಸಂಗ್ರಹಾಲಯವನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ. 1896ರಲ್ಲಿ ಸಿಕ್ಕಿದ ಕಂಚಿನ ಸಾರಥಿಯ ವಿಗ್ರಹ ಅಲ್ಲಿದೆ, ಆಳೆತ್ತರದ್ದು, ಕಣ್ಣುಗಳು ಇನ್ನೂ ಹಾಗೆಯೇ ಉಳಿದಿವೆ. ಹಾಡಿನ ಸಾಲುಗಳ ಮೇಲೆ ಸ್ವರಚಿಹ್ನೆಗಳನ್ನೂ ಕೆತ್ತಿದ ಅಪೊಲೊ ಸ್ತುತಿಯ ಶಿಲಾಫಲಕಗಳನ್ನೂ ನೋಡಿ, ಕ್ರಿ.ಪೂ. 2ನೆಯ ಶತಮಾನದವು. ಸಂಜೆಯ ಹೊತ್ತಿಗೆ ರಸ್ತೆಯ ಕೆಳಬದಿಯಲ್ಲಿರುವ ಅಥೀನಾ ದೇವಿಯ ಆವರಣಕ್ಕೆ ಹೋದರೆ, ವರ್ತುಲಾಕಾರದ ಗುಡಿಯ ಇಪ್ಪತ್ತು ಹೊರಕಂಬಗಳಲ್ಲಿ ಮತ್ತೆ ನಿಲ್ಲಿಸಿರುವ ಮೂರು ಕಂಬಗಳ ಹಿಂದೆ ಇಡೀ ಕಣಿವೆ ಕಾಣುತ್ತದೆ. ಮೇ 1ರಂದೂ ಅವರ ಸಂಪ್ರದಾಯದ ಈಸ್ಟರ್ ಭಾನುವಾರದಂದೂ ಎಲ್ಲವನ್ನೂ ಮುಚ್ಚಿರುತ್ತಾರೆ. ಅವರ ಈಸ್ಟರ್ ನಮ್ಮ ಕ್ಯಾಲೆಂಡರಿನಲ್ಲಿ ಮುದ್ರಿಸುವ ದಿನಕ್ಕಿಂತ ಸಾಮಾನ್ಯವಾಗಿ ತಡವಾಗಿ ಬರುವುದರಿಂದ, ಟಿಕೆಟ್ ಮಾಡಿಸುವ ಮೊದಲು ತಮ್ಮನವರಿಂದ ವಿಚಾರಿಸಿಕೊಳ್ಳಿ. ಗ್ರೀಸ್‌ಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣದ ದಿನಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಬರುತ್ತದೆ, ತಡಮಾಡಬೇಡಿ.

ತೋಟದಮನೆ, ಸಾಗರ

ಬಿದನೂರಿನವರು ಅವಶೇಷಗಳ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವಂಥದ್ದೇನೂ ಇಲ್ಲ; ಆಲಿವ್ ತೋಟದ ಕುರಿತು ಮಾತ್ರ ಬರೆಯುತ್ತೇನೆ. ಏಪ್ರಿಲ್‌ನಲ್ಲಿ ಹೋದರೆ ಆಲಿವ್ ಮರದಲ್ಲಿ ಕಾಯಿ ಕಾಣುವುದಿಲ್ಲ, ಹೂವು ಬಿಡುವುದೇ ಮೇ ಹೊತ್ತಿಗೆ. ಎಣ್ಣೆಯ ಕೊಯ್ಲು ನೋಡಬೇಕಾದರೆ ನವೆಂಬರ್–ಡಿಸೆಂಬರ್ ಸರಿ. ಮರದಡಿಯಲ್ಲಿ ಬಲೆ ಹಾಸಿ, ಬಾಚಣಿಗೆಯಂಥ ಸಲಕರಣೆಯಿಂದ ಕೊಂಬೆಗಳನ್ನು ಬಾಚಿ ಕಾಯಿ ಉದುರಿಸುತ್ತಾರೆ. ನಾನು ಹೋದದ್ದು ಆ ಕಾಲದಲ್ಲಿ, ಮನೆಯ ಅಡಿಕೆ ಕೊನೆಕೊಯ್ಲನ್ನು ಅಣ್ಣನಿಗೆ ವಹಿಸಿ. ನಿಮ್ಮ ಅಪ್ಪಯ್ಯ ಸುಗ್ಗಿಯಲ್ಲಿ ಮನೆ ಬಿಟ್ಟು ಹೊರಡಲು ಒಪ್ಪಲಾರರು ಎಂಬುದು ನನಗೆ ಅರ್ಥವಾಗುತ್ತದೆ, ಆದರೂ ಒಮ್ಮೆ ಕೇಳಿನೋಡಿ.

ಡೆಲ್ಫಿಯಿಂದ ಕ್ರಿಸ್ಸೊ ಎಂಬ ಹಳ್ಳಿಗೆ ಇಳಿಯುವ ಹಳೆಯ ಕಾಲುದಾರಿಯಿದೆ, ಅಲ್ಲಿಂದ ಮುಂದೆ ತೋಟಗಳ ನಡುವೆಯೇ ಸಮುದ್ರದಂಡೆಯ ಇಟೆಯಾ ಕಡೆಗೆ ಸಾಗಬಹುದು. ಮೊಣಕಾಲು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಆದ್ದರಿಂದ ಅಮ್ಮನವರನ್ನು ಟ್ಯಾಕ್ಸಿಯಲ್ಲಿ ಕೆಳಗೆ ಕರೆದೊಯ್ದು ಸಮತಟ್ಟಿನ ತೋಟದಲ್ಲಿ ನಡೆಸಿ. ಆಂಫಿಸ್ಸಾ ಊರಿನ ಸುತ್ತಲಿನ ಆ ಬಯಲಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮರಗಳಿವೆ ಎಂದು ಹೇಳುತ್ತಾರೆ. ಮೇಲಿನಿಂದ ನೋಡಿದರೆ ಬೂದುಹಸಿರು ಬಣ್ಣದ ಹೊಳೆಯೊಂದು ಕಡಲಿಗೆ ಹರಿದಂತೆ ಕಾಣುತ್ತದೆ. ಗೊಬ್ಬರಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟವಿಲ್ಲದೆ, ತೋಟದ ನೀರು ಬಸಿಯುವ ಕಪ್ಪುಕಾಲುವೆಯಿಲ್ಲದೆ, ಕಲ್ಲುನೆಲದಲ್ಲಿ ಶತಮಾನಗಳ ಕಾಲ ಬದುಕುವ ಮರವನ್ನು ಕಂಡು, ಒಂದು ವಾರ ನೀರು ತಪ್ಪಿದರೆ ಸೊರಗುವ ಎಳೆ ಅಡಿಕೆ ಗಿಡಗಳನ್ನು ನೆನೆದು ನಾನು ಬಹಳ ಹೊತ್ತು ನಿಂತುಬಿಟ್ಟಿದ್ದೆ. ಆದರೂ ಅವರಿಗೂ ಎಲೆಚುಕ್ಕೆಯ ಶಿಲೀಂಧ್ರರೋಗದ ಕಾಟವುಂಟು, ಅದಕ್ಕೆ ಅವರು ಹೊಡೆಯುವುದೂ ತಾಮ್ರದ ಔಷಧಿಯನ್ನೇ. ಒಂದು ವರ್ಷ ತುಂಬ ಫಸಲು ಬಂದರೆ ಮರುವರ್ಷ ಕಡಿಮೆಯಾಗುವುದೂ ಅಲ್ಲಿ ಸಾಮಾನ್ಯ.

ಮರದಿಂದ ಕಿತ್ತ ಆಲಿವ್ ಕಾಯಿಯನ್ನು ಬಾಯಿಗೆ ಹಾಕಿಕೊಳ್ಳಲಾಗದು, ಅಷ್ಟು ಕಹಿ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿಟ್ಟು ಕಹಿ ತೆಗೆಯುತ್ತಾರೆ. ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವ ನಿಮ್ಮ ತಾಯಿಯವರಿಗೆ ಭರಣಿಗಳನ್ನು ನೋಡಿದೊಡನೆಯೇ ವಿಷಯ ತಿಳಿಯುತ್ತದೆ. ಊಟಕ್ಕೆ ತೊಂದರೆಯಿಲ್ಲ: ಟೊಮೆಟೊ ರಸದಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಕಾಳಿಗೆ ಗಿಗಾಂತೆಸ್ ಎನ್ನುತ್ತಾರೆ, ಬೆಟ್ಟದ ಸೊಪ್ಪುಗಳನ್ನು ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುವ ಹೋರ್ತಾ ಎಲ್ಲೆಡೆ ಸಿಗುತ್ತದೆ.

ಶರಾವತಿ ಕಣಿವೆ, ಶಿವಮೊಗ್ಗ

ಒಂದು ಸಂಗತಿ ಇಲ್ಲಿ ಬಿಟ್ಟುಹೋಗಿದೆ, ನಮ್ಮ ಜಿಲ್ಲೆಯವರು ಅದನ್ನು ತಿಳಿದೇ ಹೋಗಬೇಕು. ನೀವು ತಂಗುವ ಡೆಲ್ಫಿ ಪಟ್ಟಣ ಮೊದಲು ಆ ಜಾಗದಲ್ಲಿ ಇರಲೇ ಇಲ್ಲ. ಕಾಸ್ತ್ರಿ ಎಂಬ ಹಳ್ಳಿ ಅವಶೇಷಗಳ ಮೇಲೆಯೇ ನಿಂತಿತ್ತು, ದೇವಾಲಯದ ಕಲ್ಲುಗಳು ಮನೆಗಳ ಗೋಡೆಯೊಳಗೂ ಸೇರಿದ್ದವು. 1892ರಲ್ಲಿ ಫ್ರೆಂಚ್ ಪುರಾತತ್ತ್ವ ತಂಡ ಉತ್ಖನನ ಆರಂಭಿಸುವುದಕ್ಕಾಗಿ ಇಡೀ ಹಳ್ಳಿಯನ್ನು ಪಶ್ಚಿಮಕ್ಕೆ ಈಗಿರುವ ಜಾಗಕ್ಕೆ ಎಬ್ಬಿಸಲಾಯಿತು. ಗ್ರಾಮಸ್ಥರು ಸುಲಭವಾಗಿ ಒಪ್ಪಿರಲಿಲ್ಲ.

ನಮ್ಮ ಅಜ್ಜಯ್ಯನ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. 1964ರ ಅಣೆಕಟ್ಟಿಗೆ ಮೊದಲು ಲಾರಿಯಲ್ಲಿ ಪಾತ್ರೆಪಗಡೆ ಹೇರಿಕೊಂಡು ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ಆದ್ದರಿಂದ ಅಲ್ಲಿ ಎಲ್ಲರೂ ಅಪೊಲೊನ ಕಂಬಗಳ ಚಿತ್ರ ತೆಗೆಯುತ್ತಿರುವಾಗ, ಈ ಜಗಲಿಯ ಮೇಲೆ ಯಾರ ಅಡುಗೆಮನೆ ಇತ್ತು, ಯಾರ ಕೊಟ್ಟಿಗೆ ಇತ್ತು ಎಂದೇ ನನ್ನ ಮನಸ್ಸು ಹುಡುಕುತ್ತಿತ್ತು. ಉತ್ಖನನ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ನಡೆಯದಿದ್ದರೆ ಆ ಶಾಸನಗಳ ಗೋಡೆ ನಮಗೆ ಹೀಗೆ ಕಾಣುತ್ತಿರಲಿಲ್ಲ. ಆದರೆ ಅಲ್ಲಿಯ ಕಲ್ಲುಗಳ ನಡುವೆ ಎರಡು ಊರುಗಳು ಇಲ್ಲವಾಗಿವೆ, ಫಲಕಗಳು ಹೆಚ್ಚಾಗಿ ಒಂದರ ಬಗ್ಗೆಯೇ ಹೇಳುತ್ತವೆ.

ಬಿದನೂರಿನವ, ಹೊಸನಗರ

ಶರಾವತಿ ಕಣಿವೆಯವರು ಹೇಳಿದ್ದು ನಿಜ, ನಾನು ಮರೆಯಬಾರದಿತ್ತು. ತೋಟದಮನೆಯವರು ಬರೆದ ಬಯಲಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಆ ಬಯಲನ್ನು ಪ್ರಾಚೀನ ಕಾಲದಲ್ಲಿ ಅಪೊಲೊ ದೇವರಿಗೆ ಬಿಟ್ಟಿದ್ದರು, ಉಳುವಂತಿರಲಿಲ್ಲ. ಕೊಡಲಿ ಹಾಕಬಾರದೆಂದು ನಮ್ಮ ಹಿರಿಯರು ಬಿಟ್ಟ ದೇವರಕಾಡುಗಳಂತೆಯೇ ಅದು. ಆಂಫಿಸ್ಸಾದವರು ಅದರಲ್ಲಿ ಸಾಗುವಳಿ ಮಾಡಿದರೆಂಬ ಆರೋಪವೇ ಯುದ್ಧಕ್ಕೆ ಕಾರಣವಾಗಿ, ಮ್ಯಾಸಿಡೋನಿಯಾದ ಫಿಲಿಪ್ ದೊರೆ ಸೈನ್ಯದೊಡನೆ ದಕ್ಷಿಣಕ್ಕೆ ಬಂದು, ಕ್ರಿ.ಪೂ. 338ರಲ್ಲಿ ಕೈರೋನಿಯಾದಲ್ಲಿ ಅಥೆನ್ಸ್ ಮತ್ತು ಥೀಬ್ಸ್ ನಗರಗಳನ್ನು ಸೋಲಿಸಿದ. ಇಂದು ಅದೇ ಬಯಲು ಆಲಿವ್ ಮರಗಳಿಂದ ತುಂಬಿದೆ. ಅಪ್ಪಯ್ಯನವರು ತೋಟದಲ್ಲಿ ನಡೆಯುವಾಗ ಇದನ್ನು ಹೇಳಿ.

ತಾಯಿಯವರ ಮೊಣಕಾಲಿನ ವಿಷಯದಲ್ಲಿ ಇನ್ನೂ ಅನುಮಾನವಿದ್ದರೆ ಒಮ್ಮೆ ಕವಲೇದುರ್ಗಕ್ಕೆ ಕರೆದೊಯ್ದು ನೋಡಿ. ಕಲ್ಲುಹಾಸಿನ ಏರು ಹೆಚ್ಚುಕಡಿಮೆ ಅದೇ ಬಗೆಯದು.

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಭಾನುವಾರ ನಾವು ಮೂವರೂ ಕವಲೇದುರ್ಗಕ್ಕೆ ಹೋಗಿದ್ದೆವು. ಗದ್ದೆಯ ಅಂಚಿನಿಂದ ಎರಡನೆಯ ಬಾಗಿಲಿನವರೆಗೆ ಅಮ್ಮ ನಾಲ್ಕು ಸಲ ಕುಳಿತು ಏರಿದರು. ಅಲ್ಲಿಂದ ಮುಂದೆ ನಾನು ಕೈ ಹಿಡಿದ ಮೇಲೆ ಕಾಶಿ ವಿಶ್ವನಾಥನ ಗುಡಿಯನ್ನೂ ತಲುಪಿದರು. ಇಳಿಯುವಾಗಲೇ ನೋವು ಹೆಚ್ಚಾದದ್ದು, ತೋಟದಮನೆಯವರು ಹೇಳಿದಂತೆಯೇ. ಆದ್ದರಿಂದ ಕ್ರಿಸ್ಸೊಗೆ ಅಮ್ಮನೊಡನೆ ನಾನು ಟ್ಯಾಕ್ಸಿಯಲ್ಲಿ ಇಳಿಯುವುದು, ಅಪ್ಪಯ್ಯ ಮತ್ತು ತಮ್ಮ ಕಾಲುದಾರಿಯಲ್ಲಿ ಬರುವುದು ಎಂದು ತೀರ್ಮಾನವಾಗಿದೆ. ನವೆಂಬರ್ ಪ್ರಯಾಣದ ಮಾತನ್ನು ಅಪ್ಪಯ್ಯ ಕೇಳಿಸಿಕೊಳ್ಳಲೇ ಇಲ್ಲ. ಡೆಲ್ಫಿಯಲ್ಲಿ ಎರಡು ರಾತ್ರಿಗೆ, ಕಣಿವೆಯ ಕಡೆ ಕಿಟಕಿಯಿರುವ ಕೋಣೆಯನ್ನೇ ಕಾದಿರಿಸುವಂತೆ ತಮ್ಮನಿಗೆ ಬೆಳಿಗ್ಗೆ ತಿಳಿಸಿದ್ದೇನೆ.