‘ಏಕೆಂದರೆ’ ಆದಮೇಲೂ ಅದೇ ಮಾತು: 7ನೇ ತರಗತಿಗೆ ಪುರಾವೆ ಕೊಟ್ಟು ವಾದಿಸುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ (ಭಾಷಾ ಶಿಕ್ಷಕಿ)

ನಮಸ್ಕಾರ. 7ನೇ ತರಗತಿ, 38 ಮಕ್ಕಳು. ಮಾತಾಡಿ ಅಂದರೆ ಎಲ್ಲರೂ ಜೋರಾಗಿ ವಾದ ಮಾಡುತ್ತಾರೆ. ಬರೆಯೋಕೆ ಕೊಟ್ಟರೆ ಬರುವುದು ಇದು:

“ಶಾಲಾ ಬ್ಯಾಗಿನ ತೂಕ ಕಡಿಮೆ ಮಾಡಬೇಕು. ಏಕೆಂದರೆ ಬ್ಯಾಗು ತುಂಬಾ ಭಾರವಾಗಿದೆ. ಭಾರವಾದ ಬ್ಯಾಗು ಹೊರುವುದು ಕಷ್ಟ. ಆದ್ದರಿಂದ ಬ್ಯಾಗಿನ ತೂಕ ಕಡಿಮೆ ಮಾಡಬೇಕು.”

‘ಪುರಾವೆ ಎಲ್ಲಿ?’ ಅಂತ ಕೆಂಪು ಶಾಯಿಯಲ್ಲಿ ಬರೆದರೆ ಮುಂದಿನ ಸಲ “ವಿಜ್ಞಾನಿಗಳು ಹೇಳಿದ್ದಾರೆ” ಅನ್ನುವ ಒಂದು ಸಾಲು ಸೇರುತ್ತದೆ, ಅಷ್ಟೇ. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಬಿಡಿಸಿಕೊಳ್ಳಬಹುದು. ಎಲ್ಲಿಂದ ಶುರು ಮಾಡಲಿ?

ಉತ್ತರ (ಶಿಕ್ಷಕರ ತರಬೇತುದಾರರು)

ಮೇಡಂ, ಮಗು ತೌಡು ಕುಟ್ಟಿದೆ, ನಿಜ. ಆದರೆ ನೀವು ಆರಿಸಿದ ವಿಷಯ ಚೆನ್ನಾಗಿದೆ, ಅದನ್ನು ಬಿಡಬೇಡಿ. ಬ್ಯಾಗನ್ನು ತೂಗಬಹುದು. ಈ ವಯಸ್ಸಿನವರಿಗೆ ಮೊದಲ ಪುರಾವೆ ತಮ್ಮ ಕೈಯಾರೆ ಸಿಕ್ಕಿದ್ದಾಗಿರಬೇಕು. ಪುಸ್ತಕದ್ದು, ಇಂಟರ್ನೆಟ್ಟಿನದ್ದು ಆಮೇಲೆ.

ಮೂರೇ ಪದ ಸಾಕು: ನಿಲುವು, ಪುರಾವೆ, ಕೊಂಡಿ. ನಾನು ಒಪ್ಪಿಸಬೇಕೆಂದಿರುವ ಮಾತು ನಿಲುವು. ನನ್ನನ್ನು ನಂಬದವರೂ ಹೋಗಿ ನೋಡಿ ಹೌದು ಅನ್ನಬಹುದಾದ ಸಂಗತಿ ಪುರಾವೆ. ಆ ಸಂಗತಿ ನನ್ನ ನಿಲುವಿಗೆ ಯಾಕೆ ಸಂಬಂಧಪಡುತ್ತದೆ ಎಂದು ಹೇಳುವ ಸಾಲು ಕೊಂಡಿ. ಎಲ್ಲರೂ ಎಡವುವುದು ಈ ಮೂರನೆಯದರಲ್ಲೇ. “ನನ್ನ ಬ್ಯಾಗು 5 ಕಿಲೋ ಇದೆ” ಅಂತ ಬರೆದ ಮಗು ಪುರಾವೆ ಕೊಟ್ಟೆ ಅಂದುಕೊಳ್ಳುತ್ತದೆ. 5 ಕಿಲೋ ಹೆಚ್ಚೋ ಕಡಿಮೆಯೋ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಬ್ಯಾಗು ಹೊರುವವರ ತೂಕದ ಹತ್ತನೇ ಒಂದು ಭಾಗ ಮೀರಬಾರದು ಎನ್ನುವ ಮಿತಿ ಹಲವೆಡೆ ಬಳಕೆಯಲ್ಲಿದೆ. ಅದನ್ನು ಪಕ್ಕಕ್ಕಿಟ್ಟ ಮೇಲೇ 5 ಕಿಲೋ ಮಾತಾಡುವುದು: 36 ಕಿಲೋ ತೂಕದ ಮಗುವಿಗೆ ಮಿತಿ 3.6.

ಇದು ಹೊಸ ವಿಚಾರವೇನಲ್ಲ. ನಮ್ಮ ಹಳೆಯ ತರ್ಕಪದ್ಧತಿಯಾದ ನ್ಯಾಯದರ್ಶನದಲ್ಲಿ ವಾದಕ್ಕಿರುವ ಐದು ಅವಯವಗಳನ್ನು ನೆನಪಿಸಿಕೊಳ್ಳಿ: ಪ್ರತಿಜ್ಞೆ (ನಿಲುವು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಇಲ್ಲಿಗೆ ಹೊಂದಿಸುವುದು), ನಿಗಮನ (ತೀರ್ಮಾನ). ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುತ್ತಿದೆಯಲ್ಲ, ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ. ನಮ್ಮ ಮಕ್ಕಳು ಹೊಗೆ ತೋರಿಸಿ ಸುಮ್ಮನಾಗುತ್ತಾರೆ, ಅಡುಗೆಮನೆಯ ಸಾಲು ಬರೆಯುವುದಿಲ್ಲ. ಬ್ರಿಟಿಷ್ ತತ್ತ್ವಜ್ಞಾನಿ ಸ್ಟೀಫನ್ ಟೌಲ್ಮಿನ್ 1958ರಲ್ಲಿ ವಾದದ ಅಂಗಗಳನ್ನು ಬಿಡಿಸಿಟ್ಟಾಗಲೂ ಆಧಾರ ಮತ್ತು ನಿಲುವಿನ ನಡುವಿನ ಈ ಸಾಲಿಗೆ ಬೇರೆಯೇ ಜಾಗ ಕೊಟ್ಟ. ಇದನ್ನೆಲ್ಲ ಮಕ್ಕಳಿಗೆ ಹೇಳಬೇಕಿಲ್ಲ, ಹೊಗೆ-ಬೆಂಕಿಯ ಉದಾಹರಣೆ ಸಾಕು.

ಆರು ಪೀರಿಯಡ್ ಇಟ್ಟುಕೊಳ್ಳಿ. ಮೊದಲ ಪೀರಿಯಡ್‌ನಲ್ಲಿ ಬರೆಸಲೇಬೇಡಿ. ಬೋರ್ಡ್ ಮೇಲೆ ಹತ್ತು ವಾಕ್ಯ ಬರೆದು, ಯಾವುದರ ಮೇಲೆ ವಾದ ಮಾಡಬಹುದು ಅಂತ ಕೇಳಿ. “ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಯಲ್ಲಿ ಕುದಿಯುತ್ತದೆ” ಅಳತೆ ಮಾಡಿ ಮುಗಿಸುವ ಮಾತು. “ನೀಲಿ ಚೆಂದದ ಬಣ್ಣ” ರುಚಿಯ ಮಾತು. “ಆಟದ ಪೀರಿಯಡ್ ಬೆಳಗ್ಗೆಯೇ ಇರಬೇಕು”, ಇಲ್ಲಿ ವಾದಕ್ಕೆ ಜಾಗ ಇದೆ. “ಬ್ಯಾಗಿನ ಭಾರದಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ” ಅಂತ ಅಡ್ಡಗೋಡೆ ಮೇಲೆ ದೀಪ ಇಡುವವರು ಪ್ರತಿ ತರಗತಿಯಲ್ಲೂ ನಾಲ್ಕೈದು ಮಂದಿ ಇರುತ್ತಾರೆ. ಅವರಿಗೆ ‘ಯಾವಾಗ, ಯಾರಿಗೆ, ಎಷ್ಟು’ ಎಂದು ಕೇಳಿ. ನಿಲುವು ತಾನೇ ಚೂಪಾಗುತ್ತದೆ.

ಎರಡನೆಯದು, ಮೂರನೆಯದು ತೂಗಲು ಮತ್ತು ಪಟ್ಟಿ ಮಾಡಲು. ಬ್ಯಾಗಿಗೆ ಕೊಕ್ಕೆ ಇರುವ ತೂಗುಯಂತ್ರ ಸಾಕು. ಎರಡು ಎಚ್ಚರಿಕೆ. ಮಕ್ಕಳ ದೇಹತೂಕವನ್ನು ಎಲ್ಲರೆದುರು ಓದಿ ಹೇಳಬೇಡಿ. ಹೆಸರಿಲ್ಲದ ಚೀಟಿಯಲ್ಲಿ ದೇಹತೂಕ, ಬ್ಯಾಗಿನ ತೂಕ ಎರಡನ್ನೂ ಬರೆದು ಡಬ್ಬಿಗೆ ಹಾಕಲಿ. ಇನ್ನೊಂದು, ಒಂದೇ ದಿನ ತೂಗಿ ನಿಲ್ಲಿಸಬೇಡಿ. ವೇಳಾಪಟ್ಟಿ ಬದಲಾದಂತೆ ತೂಕವೂ ಬದಲಾಗುತ್ತದೆ. ಅತಿ ಭಾರದ ದಿನವನ್ನೇ ಆರಿಸಿ ತೂಗಿದರೆ ಅದು ತಮಗೆ ಬೇಕಾದ ಪುರಾವೆಯನ್ನಷ್ಟೇ ಹೆಕ್ಕಿದಂತೆ. ಕನಿಷ್ಠ ಎರಡು ದಿನ ಬೇಕು.

ನಾಲ್ಕನೆಯದರಲ್ಲಿ ಜೋಡಿಯಾಗಿ ಬಾಯಲ್ಲೇ ವಾದ. ಒಬ್ಬರು ಹೇಳುತ್ತಾರೆ, ಇನ್ನೊಬ್ಬರಿಗೆ ಎರಡೇ ಪ್ರಶ್ನೆ ಕೇಳುವ ಹಕ್ಕು: “ಹೇಗೆ ಗೊತ್ತು?”, “ಅದಕ್ಕೇನೀಗ?” ಮೊದಲನೆಯದು ಪುರಾವೆಯನ್ನು ಹೊರಡಿಸುತ್ತದೆ, ಎರಡನೆಯದು ಕೊಂಡಿಯನ್ನು. ಐದನೆಯದು ಬರವಣಿಗೆಗೆ, ಆರನೆಯದು ತಿದ್ದಲು. ನೀವು ಕೊಟ್ಟ ಸಾಲುಗಳು ಹೀಗಾಗಬಹುದು (ಅಂಕಿಗಳು ಮಾದರಿಗೆ ಮಾತ್ರ):

“ಬುಧವಾರ ನಮ್ಮ ಬ್ಯಾಗು ಹಗುರವಾಗಬೇಕು. ಆ ದಿನ ತೂಗಿದ 38 ಬ್ಯಾಗುಗಳಲ್ಲಿ 24 ಬ್ಯಾಗು, ಹೊರುವವರ ತೂಕದ ಹತ್ತನೇ ಒಂದು ಭಾಗವನ್ನು ಮೀರಿದ್ದವು. ಸೋಮವಾರ ಮೀರಿದ್ದು 9 ಮಾತ್ರ. ಅದೇ ಮಕ್ಕಳು, ಅದೇ ಬ್ಯಾಗು, ಬದಲಾದದ್ದು ವೇಳಾಪಟ್ಟಿ. ಹಾಗಾಗಿ ಬುಧವಾರದ ವೇಳಾಪಟ್ಟಿ ಬದಲಿಸಿದರೆ ಭಾರ ಇಳಿಯುತ್ತದೆ.”

“ಅದೇ ಮಕ್ಕಳು, ಅದೇ ಬ್ಯಾಗು” ಎನ್ನುವ ಪುಟ್ಟ ಸಾಲನ್ನು ನೋಡಿ. ಕೊಂಡಿ ಅದೇ. ಅದನ್ನು ತೆಗೆದರೆ ಉಳಿಯುವುದು ಬರೀ ಲೆಕ್ಕದ ಪಟ್ಟಿ.

ಉತ್ತರ (ವಿಜ್ಞಾನ ಶಿಕ್ಷಕರು)

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಲುವು ಪುರಾವೆಗಿಂತ ದೊಡ್ಡದಾಗುವುದು ಇನ್ನೊಂದು ಕಾಯಿಲೆ. ಲೋಲಕದ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ದಾರಕ್ಕೆ ನಟ್ಟು ಕಟ್ಟಿ, ಸಣ್ಣ ಕೋನದಲ್ಲಿ ಬಿಟ್ಟು, 10 ಸಲ ಹೋಗಿಬರುವ ಸಮಯ ಎಣಿಸಬೇಕು. ಉದ್ದ 25 ಸೆಂ.ಮೀ. ಇದ್ದರೆ ಸುಮಾರು 10 ಸೆಕೆಂಡು, 100 ಸೆಂ.ಮೀ. ಇದ್ದರೆ ಸುಮಾರು 20. “ಉದ್ದ ಹೆಚ್ಚಿದರೆ ಸಮಯ ಹೆಚ್ಚುತ್ತದೆ” ಅಂತ ಬರೆದರೆ ಈ ಅಂಕಿ ಅದನ್ನು ಹೊರುತ್ತದೆ. “ಉದ್ದ ಎಷ್ಟು ಪಟ್ಟೋ ಸಮಯವೂ ಅಷ್ಟು ಪಟ್ಟು” ಅಂತ ಬರೆದರೆ ಅದೇ ಅಂಕಿ ಅದನ್ನು ಕೆಡವುತ್ತದೆ: ಉದ್ದ ನಾಲ್ಕು ಪಟ್ಟು, ಸಮಯ ಎರಡೇ ಪಟ್ಟು.

“ಭಾರ ಹೆಚ್ಚಿಸಿದರೂ ಸಮಯ ಬದಲಾಗದು” ಎಂದು ತೋರಿಸುವಾಗ ಒಂದು ತಪ್ಪು ಆಗುತ್ತಲೇ ಇರುತ್ತದೆ. ಮೂರು ನಟ್ಟುಗಳನ್ನು ಒಂದರ ಕೆಳಗೊಂದು ಕಟ್ಟುತ್ತಾರೆ, ಸಮಯ ಸ್ವಲ್ಪ ಹೆಚ್ಚುತ್ತದೆ, “ಭಾರದಿಂದ ಹೆಚ್ಚಿತು” ಎಂದು ಬರೆಯುತ್ತಾರೆ. ಹೆಚ್ಚಿದ್ದು ಭಾರದಿಂದಲ್ಲ, ಭಾರದ ನಡುಬಿಂದು ಕೆಳಗಿಳಿದು ಲೋಲಕದ ಉದ್ದವೇ ಹೆಚ್ಚಾದದ್ದರಿಂದ. ಮೂರನ್ನೂ ಒಂದೇ ಕೊಕ್ಕೆಗೆ ಹಾಕಬೇಕು. ಆದರೆ ನಾನಾದರೆ ಮೊದಲು ತಪ್ಪಾಗಿಯೇ ಕಟ್ಟಲು ಬಿಡುತ್ತೇನೆ. “ಬದಲಾದದ್ದು ಒಂದೇ ಸಂಗತಿಯಾ?” ಎಂಬ ಪ್ರಶ್ನೆ ಆಗ ಮನಸ್ಸಿಗೆ ಇಳಿಯುತ್ತದೆ.

“ಪುರಾವೆ: ನಾವು ಪ್ರಯೋಗ ಮಾಡಿ ನೋಡಿದೆವು” ಎನ್ನುವುದನ್ನು ಒಪ್ಪಲೇಬೇಡಿ. ನೋಡಿದ್ದೇನು, ಎಷ್ಟು, ಎಷ್ಟು ಸಲ, ಇಷ್ಟು ಬರಬೇಕು.

ಮರುಪ್ರಶ್ನೆ (ಭಾಷಾ ಶಿಕ್ಷಕಿ)

ತುಂಬಾ ಉಪಯೋಗ ಆಯಿತು, ಇಬ್ಬರಿಗೂ ಧನ್ಯವಾದ. ಆದರೆ ಎಲ್ಲವನ್ನೂ ತೂಗಿ ಅಳೆಯೋಕೆ ಆಗಲ್ಲವಲ್ಲ. ಓದಿದ್ದರಿಂದ, ಕೇಳಿದ್ದರಿಂದ ಪುರಾವೆ ತೆಗೆಯುವುದು ಹೇಗೆ? “ವಿಜ್ಞಾನಿಗಳು ಹೇಳಿದ್ದಾರೆ” ಎಂಬುದರ ಕಾಟ ಅಲ್ಲೇ ಶುರುವಾಗೋದು.

ಉತ್ತರ (ಶಿಕ್ಷಕರ ತರಬೇತುದಾರರು)

ಅದಕ್ಕೆ ಕನ್ನಡದಲ್ಲೇ ಮದ್ದಿದೆ ಮೇಡಂ: ‘ಅಂತೆ’. ಮಾತಾಡುವಾಗ ಮಕ್ಕಳು “ಶಾರ್ಕ್‌ಗೆ ನಿದ್ದೆಯೇ ಬರಲ್ಲವಂತೆ” ಅಂತಾರೆ. ಕಂಡದ್ದಲ್ಲ, ಕೇಳಿದ್ದು ಅಂತ ಆ ಒಂದು ಪ್ರತ್ಯಯವೇ ಹೇಳುತ್ತದೆ. ಬರೆಯುವಾಗ ‘ಪುಸ್ತಕದ ಭಾಷೆ’ ಬೇಕು ಅಂತ ‘ಅಂತೆ’ ಬಿಟ್ಟುಬಿಡುತ್ತಾರೆ. ಗಾಳಿಮಾತು ಅಲ್ಲೇ ಸಂಗತಿಯ ವೇಷ ಹಾಕುತ್ತದೆ. ಅಭ್ಯಾಸ ಹೀಗೆ: ಬರೆದದ್ದನ್ನು ಜೋಡಿಯವರು ಓದಿ, ಬರೆದವರು ಸ್ವತಃ ನೋಡಿರದ ಪ್ರತಿ ವಾಕ್ಯದ ಕೊನೆಗೆ ಪೆನ್ಸಿಲ್‌ನಲ್ಲಿ ‘ಅಂತೆ’ ಸೇರಿಸಬೇಕು. ಆಮೇಲೆ ಬರೆದವರು ಪ್ರತಿ ‘ಅಂತೆ’ಗೂ ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು ಎಂಬುದನ್ನು ತುಂಬಬೇಕು. ತುಂಬಲು ಆಗದಿದ್ದರೆ ಸಾಲು ಹೊಡೆದುಹಾಕುವುದು. 15 ನಿಮಿಷದ ಕೆಲಸ.

ಓದಿನ ಪುರಾವೆಗೆ ನಾನು ಶಿಫಾರಸು ಮಾಡುವುದು 1854ರ ಲಂಡನ್ ಕಾಲರಾ. ಬ್ರಾಡ್ ಸ್ಟ್ರೀಟ್ ಸುತ್ತ ಜನ ಸಾಯುತ್ತಿದ್ದಾರೆ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂಬುದು ಆಗಿನ ಬಹುತೇಕರ ನಂಬಿಕೆ. ನೀರಿನಿಂದ ಎನ್ನುವುದು ವೈದ್ಯ ಜಾನ್ ಸ್ನೋ ನಿಲುವು. ಆರು ಜನರ ಗುಂಪಿಗೆ ಒಂದು ಕಟ್ಟು ಕಾರ್ಡು ಕೊಡಿ. ಪ್ರತಿ ಕಾರ್ಡಿನಲ್ಲಿ ಒಂದೊಂದು ಸಂಗತಿ:

ಸಾವುಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಒತ್ತಾಗಿವೆ.
ಹತ್ತಿರದ ಬಡವರ ವಸತಿಗೃಹದಲ್ಲಿ 535 ಮಂದಿ ಇದ್ದರು, ಸತ್ತದ್ದು 5 ಮಾತ್ರ. ಅಲ್ಲಿಗೆ ಬೇರೆ ಬಾವಿ ಇತ್ತು.
ಅದೇ ಬೀದಿಯ ಬಿಯರ್ ತಯಾರಿಕಾ ಘಟಕದಲ್ಲಿ 70ಕ್ಕೂ ಹೆಚ್ಚು ಕೆಲಸಗಾರರಿದ್ದರು. ಅವರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರು ಪಂಪಿನ ನೀರು ಕುಡಿಯುತ್ತಿರಲಿಲ್ಲ.
ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಕಾಲರಾದಿಂದ ಸತ್ತರು. ಅವರು ತಿಂಗಳುಗಟ್ಟಲೆ ಬ್ರಾಡ್ ಸ್ಟ್ರೀಟ್ ಕಡೆ ಬಂದಿರಲಿಲ್ಲ, ಆದರೆ ಅಲ್ಲಿನ ನೀರನ್ನು ತರಿಸಿಕೊಂಡು ಕುಡಿಯುತ್ತಿದ್ದರು.
ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದರು. ಆಮೇಲೆ ರೋಗ ನಿಂತಿತು.
ಹಿಡಿ ತೆಗೆಯುವ ಹೊತ್ತಿಗಾಗಲೇ ಸಾವುಗಳು ಇಳಿಮುಖವಾಗಿದ್ದವು.

ಕಾರ್ಡುಗಳನ್ನು ‘ನೀರು’, ‘ಗಾಳಿ’, ‘ಎರಡಕ್ಕೂ ಹೊಂದುತ್ತದೆ’ ಎಂದು ಮೂರು ಗುಂಪು ಮಾಡಬೇಕು. ಬಹುತೇಕ ಎಲ್ಲ ಗುಂಪೂ ಮೊದಲ ಕಾರ್ಡನ್ನು ‘ನೀರು’ ಕಡೆ ಇಡುತ್ತದೆ. ಅಲ್ಲಿ ತಡೆದು ಕೇಳಿ: ಆ ಬೀದಿಯ ಗಾಳಿಯೇ ಕೆಟ್ಟಿದ್ದರೂ ಸಾವು ಅಲ್ಲೇ ಒತ್ತಾಗುತ್ತಿರಲಿಲ್ಲವೇ? ಆ ಕಾರ್ಡು ಎರಡೂ ಕಡೆ ಸಾಕ್ಷಿ ಹೇಳುತ್ತದೆ, ಹಾಗಾಗಿ ತೀರ್ಪು ಕೊಡಲಾರದು. ತೀರ್ಪು ಕೊಡುವುದು ವಸತಿಗೃಹ ಮತ್ತು ಹ್ಯಾಂಪ್‌ಸ್ಟೆಡ್ ಕಾರ್ಡುಗಳು. ಒಂದರಲ್ಲಿ ಗಾಳಿ ಅದೇ, ನೀರು ಬೇರೆ, ಸಾವು ಕಡಿಮೆ. ಇನ್ನೊಂದರಲ್ಲಿ ಗಾಳಿ ಬೇರೆ, ನೀರು ಅದೇ, ಸಾವು ಬಂತು. ಕೊನೆಯ ಎರಡು ಕಾರ್ಡು ಒಟ್ಟಿಗೆ ಓದಿದರೆ ‘ಹಿಡಿ ತೆಗೆದದ್ದರಿಂದಲೇ ನಿಂತಿತು’ ಎಂಬ ಮಾತು ಸಡಿಲವಾಗುತ್ತದೆ. ಸ್ನೋ ಹೇಳಿದ್ದು ಸರಿ. ಆದರೂ ಅವನ ಪರವಾಗಿ ಎಲ್ಲರೂ ಹೇಳುವ ಆ ಪುರಾವೆ ದುರ್ಬಲ. ಸರಿಯಾದ ನಿಲುವಿಗೂ ಕೆಟ್ಟ ಪುರಾವೆ ಇರಬಹುದು ಎನ್ನುವುದು 12-13 ವರ್ಷದವರಿಗೆ ದೊಡ್ಡ ಸುದ್ದಿ.

ಐದನೇ, ಆರನೇ ಕಾರ್ಡು ಮೊದಲೇ ಕೊಡಬೇಡಿ, ಉಳಿದವನ್ನು ವಿಂಗಡಿಸಿ ಆದಮೇಲೆ ಕೊಡಿ. ಇಲ್ಲದಿದ್ದರೆ ಹಿಡಿ ತೆಗೆದ ಕಥೆಯೇ ಎಲ್ಲರನ್ನೂ ಹೊತ್ತೊಯ್ಯುತ್ತದೆ.

ಪ್ರತಿಕ್ರಿಯೆ (ಇನ್ನೊಬ್ಬ ಭಾಷಾ ಶಿಕ್ಷಕರು)

ಒಂದು ಆಕ್ಷೇಪ ಸರ್. ನಿಲುವು-ಪುರಾವೆ-ಕೊಂಡಿ ಅಚ್ಚು ಕೊಟ್ಟರೆ ಮೂವತ್ತೆಂಟು ಮಕ್ಕಳೂ ಒಂದೇ ಪ್ಯಾರಾ ಬರೆಯುತ್ತಾರೆ. “ನನ್ನ ನಿಲುವು ಏನೆಂದರೆ… ಇದಕ್ಕೆ ಪುರಾವೆ ಏನೆಂದರೆ…” ಓದಲಾಗುವುದಿಲ್ಲ.

ಉತ್ತರ (ಶಿಕ್ಷಕರ ತರಬೇತುದಾರರು)

ಒಪ್ಪುತ್ತೇನೆ, ಅದರಲ್ಲೂ “ಏನೆಂದರೆ” ಕನ್ನಡವೇ ಅಲ್ಲದಂತೆ ಕೇಳಿಸುತ್ತದೆ. ಅದಕ್ಕೇ ವಾಕ್ಯದ ಅಚ್ಚು ಕೊಡಬೇಡಿ ಎನ್ನುತ್ತೇನೆ, ಬಣ್ಣ ಕೊಡಿ. ಬರೆದಾದ ಮೇಲೆ ನಿಲುವಿಗೆ ನೀಲಿ, ಪುರಾವೆಗೆ ಹಸಿರು, ಕೊಂಡಿಗೆ ಕೆಂಪು ಅಡಿಗೆರೆ. ಕ್ರಮ ಅವರಿಷ್ಟ. ಕನ್ನಡದಲ್ಲಿ ಕಾರಣ ಮೊದಲು ಬಂದು ನಿಲುವು ಕೊನೆಗೆ ಬರುವುದೇ ಎಷ್ಟೋ ಸಲ ಸಹಜ: “…ಮೀರಿರುವುದರಿಂದ ವೇಳಾಪಟ್ಟಿ ಬದಲಾಗಬೇಕು”. ‘ಏಕೆಂದರೆ’ ಹಾಕಿ, ಮತ್ತೆ ‘ಆದ್ದರಿಂದ’ ಹಾಕಿ ಸುತ್ತುವ ಅಭ್ಯಾಸಕ್ಕೂ ಇದೇ ಔಷಧ. ಪುಟದಲ್ಲಿ ಕೆಂಪು ಇಲ್ಲದಿದ್ದರೆ ನೀವು ಹೇಳಬೇಕಿಲ್ಲ, ಮಗುವಿಗೇ ಕಾಣುತ್ತದೆ. ತೀರಾ ಕಷ್ಟಪಡುವ ಮಕ್ಕಳಿಗೆ ಮಾತ್ರ ಎರಡು ಮೂರು ವಾರ ಅಚ್ಚು ಇರಲಿ, ಆಮೇಲೆ ತೆಗೆಯಿರಿ.

ಮರುಪ್ರಶ್ನೆ (ಭಾಷಾ ಶಿಕ್ಷಕಿ)

ಅಂಕ ಹೇಗೆ ಹಂಚಲಿ? ಎದುರು ವಾದವನ್ನೂ ಈಗಲೇ ಬರೆಸಬೇಕಾ?

ಉತ್ತರ (ವಿಜ್ಞಾನ ಶಿಕ್ಷಕರು)

ಹತ್ತಕ್ಕೆ: ನಿಲುವಿಗೆ 2, ಪುರಾವೆಗೆ 3, ಕೊಂಡಿಗೆ 4, ಭಾಷೆಗೆ 1. ಕೊಂಡಿಗೆ ಹೆಚ್ಚು ಅಂಕ ಇಟ್ಟರೇ ಮಕ್ಕಳು ಅದರ ಮೇಲೆ ಸಮಯ ಕಳೆಯುವುದು. ಪುರಾವೆ ಎರಡಕ್ಕಿಂತ ಹೆಚ್ಚು ಬೇಡ. ಐದು ಕೇಳಿದರೆ ಐದನ್ನೂ ಪೋಣಿಸಿ ಒಂದಕ್ಕೂ ಕೊಂಡಿ ಹಾಕುವುದಿಲ್ಲ. ನಿಲುವು ನಿಮಗೆ ಹಿಡಿಸಲಿಲ್ಲ ಅಂತ ಅಂಕ ಕಳೆಯಬೇಡಿ. ಒಮ್ಮೆ ಕಳೆದರೆ ಮುಂದಿನ ಸಲ ಎಲ್ಲರೂ ಟೀಚರ್ ಇಷ್ಟವನ್ನೇ ಬರೆಯುತ್ತಾರೆ.

ಎದುರು ವಾದ ಮೊದಲ ಸುತ್ತಿನಲ್ಲಿ ಬೇಡ. ಎರಡನೇ ಸುತ್ತಿನಲ್ಲಿ ಬರೆಸುವಾಗ ಎದುರಾಳಿಯ ಮಾತನ್ನು ಪಕ್ಕದವರಿಂದ ಬರೆಸಿ. ತಾವೇ ಬರೆದುಕೊಂಡರೆ “ಕೆಲವರಿಗೆ ಭಾರ ಹೊರುವುದು ಇಷ್ಟ” ಎಂಬಂಥ ಹುಲ್ಲುಬೊಂಬೆ ನಿಲ್ಲಿಸಿ ಹೊಡೆಯುತ್ತಾರೆ. ಪಕ್ಕದವರು ಬರೆದರೆ “ಪುಸ್ತಕ ಮನೆಯಲ್ಲಿ ಬಿಟ್ಟರೆ ಹೋಂವರ್ಕ್ ಹೇಗೆ?” ಅಂತ ನಿಜವಾದ ಪೆಟ್ಟು ಬೀಳುತ್ತದೆ. ಅದಕ್ಕೆ ಉತ್ತರ ಕೊಡಲು ಆಗದೆ ಯಾರಾದರೂ ನಿಲುವನ್ನೇ ಬದಲಿಸಿದರೆ, ಹಳೆಯದನ್ನು ಅಳಿಸದೆ ಒಂದು ಗೆರೆ ಎಳೆದು ಕೆಳಗೆ ಹೊಸದು ಬರೆಯಲಿ, ಬದಲಿಸಿದ್ದು ಯಾವ ಪುರಾವೆಯಿಂದ ಅಂತ ಪಕ್ಕದಲ್ಲಿ ಗುರುತು ಹಾಕಲಿ. ಅಂಥವರಿಗೆ ಕೊಂಡಿಯ ನಾಲ್ಕೂ ಅಂಕ ಕೊಡಿ.