ಸರೋವರದ ಮೇಲಿನ ಹಾದಿ, ಜೂನ್ ಕೊನೆ, ಅಲ್ಲಲ್ಲಿ ಹಿಮ: ಗೊತ್ತಿರುವವರು ತಿಳಿಸಿ

ಕೇಳಿದ್ದು

ಜೂನ್ ಕೊನೆಯ ವಾರ ಇಬ್ಬರು ಹೊರಟಿದ್ದೇವೆ. 2,100 ಮೀಟರ್ ಎತ್ತರದಿಂದ ಶುರು, 2,500ರಲ್ಲಿ ಸರೋವರ. ಅದರ ಹಿಂದಿನ ಕಡಿದಾದ ಇಳಿಜಾರಿಗೆ ಅಡ್ಡವಾಗಿ ಹಾದಿ ಏರಿ 3,000 ಮೀಟರಿನ ಪಾಸ್ (ಬೆಟ್ಟಸಾಲನ್ನು ದಾಟುವ ತಗ್ಗು ಜಾಗ) ಮುಟ್ಟುತ್ತದೆ. ಅದೇ ದಾರಿಯಲ್ಲಿ ವಾಪಸ್, ಹೋಗಿಬರಲು ಒಟ್ಟು 14 ಕಿ.ಮೀ. ಬೆಟ್ಟ ಹತ್ತಿ ರೂಢಿಯಿದೆ, ಹಿಮದ ಮೇಲೆ ನಡೆದು ರೂಢಿಯಿಲ್ಲ. ಪಾಸ್‌ನ ಕೆಳಗೆ ಇನ್ನೂ ಹಿಮದ ತುಂಡುಗಳಿವೆ ಎನ್ನುತ್ತಾರೆ. ಏನೇನು ಗಮನಿಸಬೇಕು?

ಉತ್ತರ 1

ಎಲ್ಲಕ್ಕಿಂತ ಮೊದಲು ಹಿಮದ ವಿಷಯ. ಇಂಥ ಸರೋವರಗಳು ಹೆಚ್ಚಾಗಿ ಹಿಮನದಿ ಕೊರೆದ ಬೋಗುಣಿಗಳಲ್ಲಿವೆ. ಉತ್ತರ ಗೋಳಾರ್ಧದಲ್ಲಿ ಆ ಬೋಗುಣಿಗಳು ಬಹುಪಾಲು ಬಿಸಿಲು ಕಡಿಮೆ ಬೀಳುವ ಉತ್ತರ, ಈಶಾನ್ಯ ಮಗ್ಗುಲಿನಲ್ಲಿ ಆದಂಥವು. ಹಾಗಾಗಿ ಕೆಳಗಿನ ಹುಲ್ಲುಗಾವಲು ಹಸಿರಾಗಿದ್ದರೂ ಸರೋವರದ ಹಿಂದಿನ ಗೋಡೆಯಲ್ಲಿ ಹಿಮ ಜುಲೈ ತನಕ ಕೂತಿರಬಹುದು.

ಹಿಮದ ತುಂಡು ಎಷ್ಟು ಅಗಲ ಎಂಬುದಕ್ಕಿಂತ ಅದರ ಕೆಳಗೆ ಏನಿದೆ ಎಂಬುದು ಮುಖ್ಯ. ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೇವೆ? ಕೆಳಗೆ ಸಮತಟ್ಟಾದ ಹುಲ್ಲಿದ್ದರೆ 40 ಮೀಟರ್ ಅಗಲದ ಹಿಮವನ್ನೂ ದಾಟಬಹುದು. ಬಂಡೆ, ಕಡಿದಾದ ಅಂಚು ಅಥವಾ ನೇರ ಸರೋವರದ ನೀರು ಇದ್ದರೆ 8 ಮೀಟರ್ ಅಗಲದ್ದಾದರೂ ಅಲ್ಲಿಂದಲೇ ಹಿಂದಿರುಗಿ. ಗಟ್ಟಿ ಹಿಮದಲ್ಲಿ 30 ಡಿಗ್ರಿ ಇಳಿಜಾರಿಗೆ ನೈಲಾನ್ ಪ್ಯಾಂಟು ತೊಟ್ಟವರು ಜಾರಿದರೆ ಕೆಲವೇ ಸೆಕೆಂಡಿನಲ್ಲಿ ಕೈಕಾಲಿನಿಂದ ತಡೆಯಲಾಗದ ವೇಗ ಬರುತ್ತದೆ.

ಇಳಿಜಾರನ್ನು ಮನೆಯಲ್ಲೇ ಅಳೆದುಕೊಳ್ಳಿ. 1:25,000 ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) 20 ಮೀಟರಿಗೊಂದಿದ್ದರೆ, ಎರಡು ರೇಖೆಗಳ ನಡುವೆ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಜಾಗ ಇರುವ ಕಡೆಯೆಲ್ಲ ಇಳಿಜಾರು ಸುಮಾರು 30 ಡಿಗ್ರಿ ಅಥವಾ ಹೆಚ್ಚು. ಹಾದಿ ಅಂಥ ಜಾಗವನ್ನು ಅಡ್ಡಹಾಯುವಲ್ಲೆಲ್ಲ ಗುರುತು ಹಾಕಿಟ್ಟುಕೊಳ್ಳಿ.

ದಾಟುವಾಗ ಶೂವಿನ ಬದಿಯಂಚನ್ನು ಎರಡು ಮೂರು ಸಲ ಒದ್ದು ಮೆಟ್ಟಿಲು ಮಾಡಿ. ಮೆಟ್ಟಿಲು ಇಳಿಜಾರಿನ ಒಳಮುಖಕ್ಕೆ ಸ್ವಲ್ಪ ವಾಲಿರಲಿ. ಅರ್ಧ ಪಾದವಾದರೂ ಅದರಲ್ಲಿ ಕೂರಬೇಕು. ಹಿಂದಿನವರು ಅದೇ ಮೆಟ್ಟಿಲಲ್ಲಿ ಕಾಲಿಡಲಿ. ಕೋಲುಗಳನ್ನು ಗಟ್ಟಿಯಾಗಿ ಊರಿ, ಒಂದು ಸಲಕ್ಕೆ ಒಂದನ್ನೇ ಎತ್ತಿ. ಬಂಡೆ ಹೊರಚಾಚಿದ ಕಡೆ ಎರಡು ಮೀಟರ್ ದೂರದಿಂದ ಬಳಸಿ ಹೋಗಿ: ಬಿಸಿಯಾದ ಬಂಡೆ ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿರುತ್ತದೆ, ಕಾಲು ತೊಡೆವರೆಗೆ ಇಳಿದುಬಿಡುತ್ತದೆ. ಹಿಮದ ಅಡಿಯಿಂದ ನೀರಿನ ಸದ್ದು ಕೇಳಿದರೆ ಅದು ತೊರೆಯ ಮೇಲಿನ ಟೊಳ್ಳು ಚಾವಣಿ, ಅಲ್ಲಿ ಕಾಲಿಡಬೇಡಿ. ಸರೋವರದ ಮೇಲೆ ಮಂಜುಗಡ್ಡೆ ಉಳಿದಿದ್ದರೆ ಅಡ್ಡದಾರಿಯೆಂದು ಅದರ ಮೇಲೆ ಹೋಗುವುದಂತೂ ಬೇಡವೇ ಬೇಡ. ನೀರು ಒಳಬರುವ, ಹೊರಹೋಗುವ ಬಾಯಿಗಳಲ್ಲಿ ಅದು ಅತಿ ತೆಳು.

ಉತ್ತರ 2

ಹೊರಡುವ ಹೊತ್ತನ್ನು ಲೆಕ್ಕ ಹಾಕಿಯೇ ನಿರ್ಧರಿಸಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಹೇಳಿದ ಲೆಕ್ಕ ಇವತ್ತಿಗೂ ಉಪಯೋಗದಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 14 ಕಿ.ಮೀ.ಗೆ 2 ಗಂಟೆ 48 ನಿಮಿಷ, 900 ಮೀಟರ್ ಏರಿಗೆ ಒಂದೂವರೆ ಗಂಟೆ. ಕಡಿದಾದ ಇಳಿತಕ್ಕೆ 300 ಮೀಟರಿಗೆ 10 ನಿಮಿಷದಂತೆ ಅರ್ಧ ಗಂಟೆ ಸೇರಿಸಿ. ಒಟ್ಟು ಸುಮಾರು 4 ಗಂಟೆ 50 ನಿಮಿಷ. ಇದು ವಿರಾಮವಿಲ್ಲದ, ಒಣ ಹಾದಿಯ ಲೆಕ್ಕ. ಹಿಮ, ಸಡಿಲ ಕಲ್ಲು, ಊಟ ಎಲ್ಲ ಸೇರಿಸಿ ಒಂದೂವರೆ ಪಟ್ಟು, ಅಂದರೆ 7 ಗಂಟೆಗಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಬೆಳಿಗ್ಗೆ ಐದೂವರೆಗೆ ಹೊರಟರೆ ಪಾಸ್ ಹತ್ತರ ಆಸುಪಾಸಿಗೆ ಸಿಗುತ್ತದೆ.

ಹನ್ನೊಂದು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು ಎಂದು ಇಬ್ಬರೂ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಪಾಸ್ ಕಣ್ಣಿಗೆ ಕಾಣುತ್ತಿರುವಾಗ ಈ ಮಾತು ಎತ್ತಿದರೆ ನಡೆಯುವುದಿಲ್ಲ.

ಕೇಳಿದವರು

ಮೈಕ್ರೋಸ್ಪೈಕ್ (ಶೂವಿಗೆ ತೊಡಿಸುವ ಲೋಹದ ಹಲ್ಲುಗಳ ರಬ್ಬರ್ ಪಟ್ಟಿ) ತಂದರೆ ಸಾಕೇ? ಅಷ್ಟು ಬೇಗ ಹೊರಟರೆ ಹಿಮ ಗಟ್ಟಿಯಾಗಿ ಇರುವುದಿಲ್ಲವೇ?

ಉತ್ತರ 3

ಇರುತ್ತದೆ. ಮೇಲಿನವರು ಹೇಳಿದ ಐದೂವರೆಗೆ ಒಂದು ತಿದ್ದುಪಡಿ ಬೇಕು. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಮೇಲ್ಮೈ ಹೆಪ್ಪುಗಟ್ಟಿ ಗಾಜಿನಂತಾಗಿರುತ್ತದೆ, ಶೂ ಒದ್ದರೆ ಗೀರು ಮಾತ್ರ ಬೀಳುತ್ತದೆ. ಮೇಲಿನ 2ರಿಂದ 5 ಸೆಂ.ಮೀ. ಮೆತ್ತಗಾದಾಗ ದಾಟಲು ಒಳ್ಳೆಯ ಸಮಯ. ಹಿಮ ನೆರಳಿನಲ್ಲಿದ್ದರೆ ಸರೋವರದ ಬಳಿ ಕೂತು ಕಾಯಿರಿ. ಕಾದರೆ ಹನ್ನೊಂದರ ಗಡುವು ಮೀರುತ್ತದೆ ಎನ್ನುವಂತಿದ್ದರೆ ಆ ದಿನಕ್ಕೆ ಸರೋವರವೇ ಕೊನೆ. ಮೋಡ ಕವಿದ ರಾತ್ರಿಯ ಮರುದಿನ ಇದಕ್ಕೆ ತದ್ವಿರುದ್ಧ: ಹಿಮ ಹೆಪ್ಪುಗಟ್ಟಿಯೇ ಇರುವುದಿಲ್ಲ, ಬೆಳಗಿನಿಂದಲೇ ಮೊಣಕಾಲುವರೆಗೆ ಹುದುಗುತ್ತದೆ. ಕಡಿದಾದ ಕಡೆ ಒದ್ದೆ ಹಿಮ ಕುಸಿಯುವ ಅಪಾಯವೂ ಹೆಚ್ಚು.

ಮೈಕ್ರೋಸ್ಪೈಕ್ ಇರುವುದು ಹದವಾದ ಇಳಿಜಾರಿನ ಗಟ್ಟಿ ಹಿಮಕ್ಕೆ. ಸುಮಾರು 1 ಸೆಂ.ಮೀ. ಉದ್ದದ ಹಲ್ಲುಗಳು ಅವು. ಕಡಿದಾದ ಅಡ್ಡದಾರಿಯಲ್ಲಿ ರಬ್ಬರ್ ಪಟ್ಟಿ ಪಕ್ಕಕ್ಕೆ ಸರಿದು ಪಾದ ಹೊರಳುತ್ತದೆ. ಮಧ್ಯಾಹ್ನದ ಒದ್ದೆ ಹಿಮ ಹಲ್ಲುಗಳ ನಡುವೆ ಮುದ್ದೆಗಟ್ಟಿ ಅಂಗಾಲಿನಡಿ ಚೆಂಡಾಗುತ್ತದೆ, ಆಗ ಬರೀ ಶೂವಿಗಿಂತ ಕಡೆ. ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ) ಕೂಡ ಹಾಗೆಯೇ: ಜಾರುವಾಗ ಅದನ್ನು ಊರಿ ನಿಲ್ಲಿಸುವುದನ್ನು ಕೆಳಗೆ ಸಮತಟ್ಟಾದ ಜಾಗದಲ್ಲಿ ಹತ್ತಾರು ಸಲ ಅಭ್ಯಾಸ ಮಾಡದೆ ಕೈಯಲ್ಲಿ ಹಿಡಿದರೆ ಅದೊಂದು ಚೂಪಾದ ಭಾರ ಅಷ್ಟೇ. ಈ ಸಲಕ್ಕೆ ನಿಮ್ಮಿಬ್ಬರಿಗೂ ನನ್ನ ಸಲಹೆ, 25 ಡಿಗ್ರಿಗಿಂತ ಹೆಚ್ಚಿನ ಹಿಮ ಎದುರಾದರೆ ವಾಪಸ್.

ಉತ್ತರ 4

ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ರಾತ್ರಿ ಬಿರುಕಿನಲ್ಲಿ ಹೆಪ್ಪುಗಟ್ಟಿದ ನೀರು ಕಲ್ಲುಗಳನ್ನು ಅಂಟಿಸಿ ಹಿಡಿದಿರುತ್ತದೆ. ಗೋಡೆಗೆ ಬಿಸಿಲು ಬಿದ್ದ ಮೇಲೆ ಅವು ಒಂದೊಂದೇ ಕಳಚುತ್ತವೆ. ಹಾದಿ ಕೊರಕಲನ್ನು ದಾಟುವ ಜಾಗದಲ್ಲಿ ಹೊಸದಾಗಿ ಒಡೆದ ಮುಖದ, ಪಾಚಿ ಹತ್ತದ ಕಲ್ಲುಗಳು ಬಿದ್ದಿದ್ದರೆ ಅದು ಕಲ್ಲು ಉರುಳುವ ದಾರಿ. ಒಬ್ಬೊಬ್ಬರಾಗಿ, ನಿಲ್ಲದೆ ದಾಟಿ. ದಾಟದವರು ಮೇಲಕ್ಕೆ ನೋಡುತ್ತಿರಲಿ. ಫೋಟೋಗೆ ನಿಲ್ಲುವ ಜಾಗ ಅದಲ್ಲ.

ಸಡಿಲ ಕಲ್ಲಿನ ಏರಿನಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬರಬಾರದು. ಅದು ತಪ್ಪಿಸಲಾಗದ ಕಡೆ ಒತ್ತೊತ್ತಾಗಿ ನಡೆಯಿರಿ, ಜಾರಿದ ಕಲ್ಲಿಗೆ ವೇಗ ಸಿಗುವ ಮುಂಚೆಯೇ ಹಿಂದಿನವರ ಕಾಲಿಗೆ ತಾಗಿ ನಿಲ್ಲುವಷ್ಟು ಹತ್ತಿರ. ತಿರುವುಗಳನ್ನು ಕತ್ತರಿಸಿ ನೇರ ಇಳಿದರೆ ಕೆಳಗಿನ ಸುತ್ತಿನಲ್ಲಿರುವವರ ತಲೆಯ ಮೇಲೆ ಕಲ್ಲು ಬೀಳುತ್ತದೆ.

ಉತ್ತರ 5

ಗುಡುಗು. ಬೇಸಿಗೆಯ ಮಧ್ಯಾಹ್ನ ಬೆಟ್ಟದ ನೆತ್ತಿಯಲ್ಲಿ ಮೋಡ ಹೂಕೋಸಿನಂತೆ ಮೇಲಕ್ಕೆ ಬೆಳೆಯಲು ಶುರುವಾದರೆ ಇಳಿಯಲು ಶುರು ಮಾಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಎಂದರೆ ಸಿಡಿಲು 10 ಕಿ.ಮೀ. ಒಳಗಿದೆ. ಏಣು, ಒಂಟಿ ಮರ, ನೀರಿನಂಚು, ಬಂಡೆಯ ಕೆಳಗಿನ ಕಿರುಗವಿ ನಾಲ್ಕೂ ಬೇಡ. ಇಬ್ಬರೂ ದೂರ ದೂರ ಇರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಬಟ್ಟೆ: 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಾಪ ಇಳಿಯುತ್ತದೆ, ಗಾಳಿಯ ಚಳಿ ಅದರ ಮೇಲೆ. ಹತ್ತಿ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಹಿಮದ ಮೇಲೆ ಕಪ್ಪು ಕನ್ನಡಕ ಕಡ್ಡಾಯ. ಹೊಸ ಹಿಮ ಅತಿನೇರಳೆ ಕಿರಣವನ್ನು ಶೇ. 80ರಷ್ಟು ಹಿಂದಕ್ಕೆ ಎಸೆಯುತ್ತದೆ, ಹಳೆಯದು ಅದಕ್ಕಿಂತ ಕಡಿಮೆ. ಮೂಗಿನ ಅಡಿಗೂ ಗಲ್ಲದ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ.

ಉತ್ತರ 6

ಸರೋವರದ ಬಗ್ಗೆ ನಾಲ್ಕು ಮಾತು. ಕನ್ನಡಿಯಂತೆ ತಿಳಿಯಾಗಿದ್ದರೂ ನೀರನ್ನು ಹಾಗೆಯೇ ಕುಡಿಯಬೇಡಿ, ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕಣ್ಣಿಗೆ ಕಾಣುವುದಿಲ್ಲ. 2,000 ಮೀಟರಿಗಿಂತ ಮೇಲೆ ನೀರು ಕುದಿ ಬಂದ ಮೇಲೆ 3 ನಿಮಿಷ ಕುದಿಸಬೇಕು, ಅಲ್ಲಿ ಅದು ಕಡಿಮೆ ತಾಪಕ್ಕೇ ಕುದಿಯುತ್ತದೆ. ನೀರು ಹಾಲು ಬೆರೆಸಿದ ನೀಲಿಯಾಗಿದ್ದರೆ ಅದು ಹಿಮನದಿ ಅರೆದ ಬಂಡೆಯ ಪುಡಿ. ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಪಾತ್ರೆಯಲ್ಲಿ ತಳ ಇಳಿಯಲು ಬಿಟ್ಟು ಮೇಲಿನದನ್ನು ಸೋಸಿ. ಫಿಲ್ಟರನ್ನು ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಸಣ್ಣ ನಾಳಗಳು ಸೀಳುತ್ತವೆ, ಹೊರಗಿನಿಂದ ಗೊತ್ತಾಗುವುದಿಲ್ಲ.

ಬೆವರಿದ ಮೈಯಲ್ಲಿ ನೀರಿಗೆ ಹಾರಬೇಡಿ. ತಣ್ಣೀರು ಮೈಗೆ ತಾಗಿದೊಡನೆ ಉಸಿರು ತಾನಾಗಿಯೇ ಜೋರಾಗಿ ಒಳಕ್ಕೆ ಎಳೆಯುತ್ತದೆ, ಬಾಯಿ ನೀರೊಳಗಿದ್ದರೆ ಮುಳುಗಲು ಅಷ್ಟು ಸಾಕು. ಅಕಸ್ಮಾತ್ ಬಿದ್ದರೆ ಮೊದಲ ಒಂದು ನಿಮಿಷ ತೇಲಿಕೊಂಡು ಉಸಿರು ಹದಕ್ಕೆ ತಂದುಕೊಳ್ಳಿ. ಕೈಕಾಲು ಮಾತು ಕೇಳುವುದು ಅಲ್ಲಿಂದ ಹತ್ತು ನಿಮಿಷದ ಮಟ್ಟಿಗೆ. ದಡ ಸೇರುವುದಿದ್ದರೆ ಆಗಲೇ ಸೇರಬೇಕು.

ರಾತ್ರಿ ತಂಗುವುದಾದರೆ ದಡದಿಂದ 60 ಮೀಟರಾದರೂ ದೂರ, ಸಾಧ್ಯವಾದರೆ ಸ್ವಲ್ಪ ಎತ್ತರದ ದಿಬ್ಬದಲ್ಲಿ. ತಣ್ಣನೆಯ ಗಾಳಿ ಬೋಗುಣಿಯ ತಳಕ್ಕೆ ಇಳಿದು ನಿಲ್ಲುತ್ತದೆ, ದಡದಲ್ಲಿ ಟೆಂಟ್ ಒಳಗೆಲ್ಲ ಇಬ್ಬನಿ. ಶೌಚಕ್ಕೂ ಸೋಪಿಗೂ ಅದೇ 60 ಮೀಟರ್. ಕೊಳೆಯುವ ಸೋಪು ಎಂದು ಬರೆದಿದ್ದರೂ ಅದು ಕೊಳೆಯುವುದು ಮಣ್ಣಿನಲ್ಲಿ, ನೀರಿನಲ್ಲಲ್ಲ.

ಇನ್ನೊಂದು. ಸರೋವರದಿಂದ ಹೊರಡುವ ತೊರೆ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಹಿಮ ಕರಗಿ ಸಂಜೆಗೆ ತೊಡೆವರೆಗೆ ಬಂದಿರಬಹುದು. ವಾಪಸ್ ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಮುಖ ಪ್ರವಾಹದ ಎದುರಿಗಿರಲಿ, ಶೂ ತೆಗೆಯಬೇಡಿ. ಮೊಣಕಾಲಿಗಿಂತ ಮೇಲೆ ರಭಸವಾಗಿ ಹರಿಯುತ್ತಿದ್ದರೆ ಅದು ಇಳಿಯುವುದು ಮರುದಿನ ಬೆಳಿಗ್ಗೆಯೇ. ಹಾಗಾಗಿ ಒಂದು ದಿನದ ನಡಿಗೆಯಾದರೂ ಹೆಡ್‌ಲ್ಯಾಂಪ್, ಒಂದು ಹೊತ್ತಿನ ಹೆಚ್ಚುವರಿ ಊಟ, ಬೆಚ್ಚನೆಯ ಜಾಕೆಟ್ ಬ್ಯಾಗಿನಲ್ಲಿರಲಿ. ಸಹಾಯ ಕೇಳುವ ಸಂಕೇತವನ್ನೂ ಇಬ್ಬರೂ ಕಲಿತಿರಿ: ನಿಮಿಷಕ್ಕೆ ಆರು ಸಲ ಶಿಳ್ಳೆ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ಕಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಉತ್ತರ ಬಂದರೂ ಅವರು ಹತ್ತಿರ ಬರುವ ತನಕ ನಿಲ್ಲಿಸಬೇಡಿ. ನೀವಿರುವ ಜಾಗ ಅವರಿಗೆ ಗೊತ್ತಾಗುವುದು ಆ ಸದ್ದಿನಿಂದಲೇ.